ಬಾಡಿಗೆ ಸೈಕಲ್ಲಿಗೆ ಒಂದು ರೂಪಾಯಿ

ನಮ್ಮ ತಾಂಬಾ ಸುತ್ತಿನ ನೆಲ ಎರೆಮಣ್ಣಿನದು. ಮಳೆಗಾಲದಲ್ಲಿ ಕಾಲಿಗೆ ಮೆತ್ತಿಕೊಂಡು ಬಿಡದ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಈ ನೆಲದ ಮೇಲೆ ಫುಟ್‌ಬಾಲ್ ಆಡುವುದೇ ಒಂದು ಸಾಹಸ. ಆದರೂ ಹುಡುಗರು ಆಡುತ್ತಾರೆ. ಈ ಭಾಗದ ಒಂದು ಕಾಲೇಜಿನ ಆಡಳಿತ ಮಂಡಳಿಯಲ್ಲಿ ನಾನೂ ಒಬ್ಬ ಸದಸ್ಯ. ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ತರಬೇತುದಾರರೊಬ್ಬರನ್ನು ನೇಮಿಸುವ ವಿಷಯ ಇತ್ತೀಚಿನ ಸಭೆಯಲ್ಲಿ ಚರ್ಚೆಗೆ ಬಂತು. ಕ್ರೀಡಾ ವಿಭಾಗದ ಖಾತೆಯಲ್ಲಿ ಹಣವಿಲ್ಲ. ವಿದ್ಯಾರ್ಥಿಗಳಿಂದ ಸಂಗ್ರಹವಾಗುವ ಕ್ರೀಡಾ ಶುಲ್ಕ ಪಂದ್ಯಗಳ ಪ್ರಯಾಣ ವೆಚ್ಚಕ್ಕೂ ಸಾಲದು. ಮೇಜಿನ ಮೇಲೆ ಎರಡು ಅರ್ಜಿಗಳಿದ್ದವು. ಒಬ್ಬರ ಬಳಿ ಪಟಿಯಾಲದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ಪ್ರಮಾಣಪತ್ರವಿತ್ತು. ಅವರು ಕೇಳಿದ ಸಂಬಳ ನ್ಯಾಯವಾದುದೇ ಆಗಿತ್ತು, ಆದರೆ ನಮ್ಮ ಕೈಗೆಟುಕುವಂತಿರಲಿಲ್ಲ. ಇನ್ನೊಬ್ಬರು ಹೈಸ್ಕೂಲು ಮಾಸ್ತರರು; ಸಂಜೆ ಹೊತ್ತು ಯಾವ ಸಂಭಾವನೆಯೂ ಇಲ್ಲದೆ ಇದೇ ಹುಡುಗರಿಗೆ ಆಟ ಕಲಿಸುತ್ತ ಬಂದವರು. ಸದ್ಯಕ್ಕೆ ಯಾರೂ ಬೇಡ, ಮುಂದಿನ ವರ್ಷ ನೋಡೋಣ ಎಂಬ ಮೂರನೆಯ ಅಭಿಪ್ರಾಯವೂ ಕೇಳಿಬಂತು. ಆ ಮೂರನೆಯ ಅಭಿಪ್ರಾಯಕ್ಕೆ ತಲೆಯಾಡಿಸಿದವರಲ್ಲಿ ನಾನೂ ಇದ್ದೆ ಎಂಬುದನ್ನು ಒಪ್ಪಿಕೊಳ್ಳಲೇಬೇಕು.

ಅಂದು ರಾತ್ರಿ ಮನೆಗೆ ಬಂದ ಮೇಲೆ ನೆನಪಾದವರು ಸೈಯದ್ ಅಬ್ದುಲ್ ರಹೀಂ. 2024ರಲ್ಲಿ ಅವರ ಬದುಕನ್ನು ಆಧರಿಸಿದ ಹಿಂದಿ ಚಲನಚಿತ್ರ ತೆರೆಕಂಡ ಮೇಲೆ ಹೊಸ ತಲೆಮಾರಿಗೂ ಆ ಹೆಸರು ಪರಿಚಿತವಾಗಿದೆ. ಆದರೆ ಸಿನಿಮಾದ ನಾಯಕನಿಗಿಂತ ನನ್ನನ್ನು ಕಾಡಿದ್ದು ಸಂಬಳಕ್ಕೆ ದುಡಿಯುತ್ತಿದ್ದ ಹೈದರಾಬಾದಿನ ಶಾಲಾ ಮಾಸ್ತರ.

ತಾಂಬಾದಿಂದ ಪೂರ್ವಕ್ಕೆ ಹೋಗಿ ಭೀಮಾ ನದಿ ದಾಟಿದರೆ ಅಫಜಲಪುರ ಸೀಮೆ. 1948ರವರೆಗೆ ಹೊಳೆಯ ಈ ದಡ ಮುಂಬಯಿ ಪ್ರಾಂತಕ್ಕೆ, ಆ ದಡ ನಿಜಾಮರ ರಾಜ್ಯಕ್ಕೆ ಸೇರಿತ್ತು. ಆ ರಾಜ್ಯದ ರಾಜಧಾನಿಯಲ್ಲಿ 1909ರ ಆಗಸ್ಟ್ 17ರಂದು ರಹೀಂ ಹುಟ್ಟಿದರು. ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಓದಿದರು, ಅಲ್ಲಿಯ ತಂಡಕ್ಕೆ ಆಡಿದರು. ಪದವಿಯ ನಂತರ ಹಿಡಿದದ್ದು ಶಿಕ್ಷಕ ವೃತ್ತಿ. ಚಾದರ್‌ಘಾಟ್ ಹೈಸ್ಕೂಲು ಸೇರಿದಂತೆ ನಗರದ ಕೆಲವು ಶಾಲೆಗಳಲ್ಲಿ ಕಲಿಸಿದರು, ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದರು. 1940ರ ದಶಕದ ಮೊದಲ ವರ್ಷಗಳಲ್ಲಿ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಮುಂದೆ ಹೈದರಾಬಾದ್ ಸಿಟಿ ಪೊಲೀಸ್ ತಂಡದ ತರಬೇತಿ ಅವರ ಕೈಗೆ ಬಂತು. 1950ರಿಂದ 1954ರವರೆಗೆ ಮುಂಬಯಿಯ ರೋವರ್ಸ್ ಕಪ್ ಸತತ ಐದು ಬಾರಿ ಆ ಪೊಲೀಸರ ಪಾಲಾಯಿತು. ಕಲ್ಕತ್ತೆಯೇ ಫುಟ್‌ಬಾಲಿನ ತವರು ಎಂದು ದೇಶವೆಲ್ಲ ನಂಬಿದ್ದ ಕಾಲವದು.

ಮಾಸ್ತರರು ಮಾಡುತ್ತಿದ್ದುದಾದರೂ ಏನು? ಚೆಂಡನ್ನು ಕಾಲಿನಲ್ಲೇ ಉಳಿಸಿಕೊಂಡು ಎದುರಾಳಿಗಳನ್ನು ಒಬ್ಬೊಬ್ಬರನ್ನಾಗಿ ವಂಚಿಸುತ್ತ ಸಾಗುವುದೇ ಅಂದು ಆಟದ ಸೊಬಗೆನಿಸಿತ್ತು. ರಹೀಂ ಡ್ರಿಬ್ಲಿಂಗ್ ನಿಷೇಧಿಸಿದ ಪಂದ್ಯಾವಳಿಗಳನ್ನೇ ಏರ್ಪಡಿಸಿದರು. ಚೆಂಡು ಬಂದೊಡನೆ ಜೊತೆಗಾರನಿಗೆ ದಾಟಿಸಲೇಬೇಕು. ಬಲಗಾಲಿನ ಆಟಗಾರ ಎಡಗಾಲಿನಲ್ಲಿ, ಎಡಗಾಲಿನವನು ಬಲಗಾಲಿನಲ್ಲಿ ಮಾತ್ರ ಚೆಂಡನ್ನು ಒದೆಯಬೇಕೆಂಬ ಪಂದ್ಯಾವಳಿಗಳನ್ನೂ ನಡೆಸಿದರು. ಇವುಗಳಿಗೆ ತಗುಲಿದ ಖರ್ಚೆಷ್ಟು? ಒಂದು ಚೆಂಡು, ಒಂದು ಸೀಟಿ, ಬಯಲು ಜಾಗ. ಬೇರೆ ಸಲಕರಣೆಯನ್ನು ಬೇಡುವ ಕ್ರಮವೇ ಅದಾಗಿರಲಿಲ್ಲ.

ಸಿಕಂದರಾಬಾದಿನ ಬಡ ಕುಟುಂಬದ ಹುಡುಗ ತುಳಸಿದಾಸ್ ಬಲರಾಂ ಅವರ ಕಣ್ಣಿಗೆ ಬಿದ್ದ ಪ್ರಸಂಗ ಫುಟ್‌ಬಾಲ್ ಪ್ರಿಯರಿಗೆ ಗೊತ್ತಿರುವುದೇ. ಅಭ್ಯಾಸಕ್ಕಾಗಿ ಹೈದರಾಬಾದಿಗೆ ದಿನಾ ಬಂದುಹೋಗಲು ಹುಡುಗನ ಬಳಿ ಕಾಸಿರಲಿಲ್ಲ. ಬಾಡಿಗೆ ಸೈಕಲ್ಲಿಗೆಂದು ರಹೀಂ ದಿನಕ್ಕೊಂದು ರೂಪಾಯಿ ಒದಗಿಸಿದರು. ಆ ಹುಡುಗ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದ, 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಗೋಲು ಹೊಡೆದ, ದೇಶದ ಶ್ರೇಷ್ಠ ಮುನ್ಪಡೆ ಆಟಗಾರರಲ್ಲಿ ಒಬ್ಬನೆನಿಸಿದ. ಸೈಕಲ್ ಸವಾರರಿಗೆ ಹೆಸರಾದ ವಿಜಯಪುರ ಜಿಲ್ಲೆಯವನಾದ ನನಗೆ ಈ ಬಾಡಿಗೆ ಸೈಕಲ್ಲಿನ ಪ್ರಸಂಗದ ಮೇಲೆ ತುಸು ಹೆಚ್ಚೇ ಮಮತೆ.

ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ 1937ರಲ್ಲಿ ಹುಟ್ಟಿದ ಸಂಸ್ಥೆ. ಅದು ಸಿರಿವಂತ ಸಂಸ್ಥೆಯೇನಾಗಿರಲಿಲ್ಲ. ಆಟಗಾರರು ಪೊಲೀಸ್, ರೈಲ್ವೆ, ಸೈನ್ಯ ಹಾಗೂ ಕ್ಲಬ್ಬುಗಳನ್ನು ನೆಚ್ಚಿಕೊಂಡಿದ್ದರು. ರಾಷ್ಟ್ರೀಯ ತಂಡದ ಹೊಣೆ ರಹೀಂ ಅವರಿಗೆ ಬಂದದ್ದು ಇಂಥ ಸ್ಥಿತಿಯಲ್ಲಿ. ಕಾಲವನ್ನೂ ಗಮನಿಸಬೇಕು. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ರಾಜ್ಯ ಭಾರತದಲ್ಲಿ ವಿಲೀನವಾಯಿತು. ಆ ದಿನಗಳ ಕಹಿ ನಮ್ಮ ಗಡಿಯ ಹಳ್ಳಿಗಳಲ್ಲಿ ಬಹುಕಾಲ ಉಳಿದಿತ್ತು. ಅದಾಗಿ ಎರಡೂವರೆ ವರ್ಷದೊಳಗೆ, 1951ರ ಮಾರ್ಚಿನಲ್ಲಿ, ಅದೇ ಹೈದರಾಬಾದಿನ ಶಾಲಾ ಮಾಸ್ತರರ ತಂಡ ದೆಹಲಿಯ ಮೊದಲ ಏಷ್ಯನ್ ಕ್ರೀಡಾಕೂಟದ ಫೈನಲ್‌ನಲ್ಲಿ ಇರಾನನ್ನು 1–0ರಿಂದ ಸೋಲಿಸಿ ಚಿನ್ನ ಗೆದ್ದಿತು.

ಮರುವರ್ಷ ಹೆಲ್ಸಿಂಕಿ ಒಲಿಂಪಿಕ್ಸ್. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಿನಲ್ಲಿ ಆಡಿದರು. ಯುಗೊಸ್ಲಾವಿಯದ ಎದುರು ಫಲಿತಾಂಶ 1–10. ಆ ಒಂದು ಗೋಲನ್ನು ಹೊಡೆದವರು ಬೆಂಗಳೂರಿನ ಅಹಮದ್ ಖಾನ್ ಎಂಬುದನ್ನು ಕನ್ನಡಿಗರು ಸಮಾಧಾನಕ್ಕಾಗಿ ನೆನೆಯಬಹುದು. ಹತ್ತು ಗೋಲು ತಿಂದ ತಂಡದ ತರಬೇತುದಾರರನ್ನು ಮನೆಗೆ ಕಳುಹಿಸುವುದು ಯಾವ ಸಂಸ್ಥೆಗೂ ಸುಲಭದ ದಾರಿ. ನಮ್ಮ ಮಂಡಳಿಯಾಗಿದ್ದರೆ ಏನು ಮಾಡುತ್ತಿತ್ತೆಂದು ನಾನು ಊಹಿಸಬಲ್ಲೆ. ಆದರೆ ರಹೀಂ ಆ ಸೋಲನ್ನು ಪಾಠಪುಸ್ತಕದಂತೆ ಓದಿದರು. ಅದೇ ಕೂಟದಲ್ಲಿ ಚಿನ್ನ ಗೆದ್ದ ಹಂಗರಿಯವರ ಆಟವನ್ನು ಅಭ್ಯಸಿಸಿದರು. ಇಬ್ಬರು ಹಿಂಬದಿ ಆಟಗಾರರ ಹಳೆಯ ವ್ಯೂಹವನ್ನು ಬಿಟ್ಟು ಮೂವರನ್ನು ನಿಲ್ಲಿಸುವ ಕ್ರಮದತ್ತ ತಂಡವನ್ನು ಒಯ್ದರು. ಫೆಡರೇಷನ್ ಬೂಟು ಕಡ್ಡಾಯಗೊಳಿಸಿತು.

ನಾಲ್ಕು ವರ್ಷಗಳ ನಂತರ ಮೆಲ್ಬರ್ನ್‌ನಲ್ಲಿ ತಂಡ ಮತ್ತೆ ಅವರದೇ ಕೈಯಲ್ಲಿತ್ತು. ಮೈಸೂರು ರಾಜ್ಯದ ಕೆಂಪಯ್ಯ ಆ ತಂಡದ ಹಾಫ್‌ಬ್ಯಾಕ್. ಭಾರತ ಆತಿಥೇಯ ಆಸ್ಟ್ರೇಲಿಯವನ್ನು 4–2ರಿಂದ ಮಣಿಸಿತು. ನೆವಿಲ್ ಡಿಸೋಜಾ ಮೂರು ಗೋಲು ಹೊಡೆದರು. ಸೆಮಿಫೈನಲ್‌ನಲ್ಲಿ ಎದುರಾದದ್ದು ಅದೇ ಯುಗೊಸ್ಲಾವಿಯ. ಮೊದಲ ಗೋಲು ನಮ್ಮದೇ ಆಗಿತ್ತು. ಕೊನೆಗೆ 1–4ರ ಸೋಲು. ನಾಲ್ಕನೆಯ ಸ್ಥಾನ ದೊರೆಯಿತು. ಒಲಿಂಪಿಕ್ಸ್ ಫುಟ್‌ಬಾಲಿನಲ್ಲಿ ಭಾರತ ಅದಕ್ಕಿಂತ ಮೇಲೇರಿದ್ದಿಲ್ಲ. 1960ರ ರೋಮ್‌ನಲ್ಲಿ ಹಂಗರಿಯ ಎದುರು 1–2ರ ಸೋಲು, ಫ್ರಾನ್ಸ್ ಜೊತೆ 1–1ರ ಸಮಬಲ. ಆ ಬಾರಿಯ ತಂಡದಲ್ಲಿ ಅವರ ಮಗ ಹಕೀಂ ಕೂಡ ಇದ್ದರು.

1962ರಲ್ಲಿ ಜಕಾರ್ತಾ ಏಷ್ಯನ್ ಕ್ರೀಡಾಕೂಟಕ್ಕೆ ಹೊರಡುವ ವೇಳೆಗೆ ರಹೀಂ ಅವರನ್ನು ಕ್ಯಾನ್ಸರ್ ಹಿಡಿದಿತ್ತು. ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾಕ್ಕೆ 0–2ರಿಂದ ಸೋಲು. ಅದರ ಮೇಲೆ ರಾಜಕೀಯದ ಬಿಸಿ. ಇಸ್ರೇಲ್ ಮತ್ತು ತೈವಾನ್‌ಗಳನ್ನು ಹೊರಗಿಟ್ಟಿದ್ದನ್ನು ಭಾರತದ ಜಿ.ಡಿ. ಸೋಂಧಿ ಪ್ರಶ್ನಿಸಿದ್ದರಿಂದ ಜನ ರೊಚ್ಚಿಗೆದ್ದಿದ್ದರು. ಭಾರತದ ರಾಯಭಾರ ಕಚೇರಿಯ ಮೇಲೂ ದಾಳಿ ನಡೆಯಿತು. ಥಾಯ್ಲೆಂಡ್ ವಿರುದ್ಧದ ಪಂದ್ಯದಲ್ಲಿ ರಕ್ಷಣೆಯ ಕಂಬವಾಗಿದ್ದ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಬಿದ್ದವು. ಆ ಸ್ಥಿತಿಯಲ್ಲಿ ಅವರನ್ನು ರಕ್ಷಣೆಯಲ್ಲಿ ನಿಲ್ಲಿಸುವಂತಿರಲಿಲ್ಲ. ರಹೀಂ ಅವರನ್ನು ಮುನ್ಪಡೆಯ ನಡುವಿಗೆ ಕಳುಹಿಸಿದರು. ಜರ್ನೈಲ್ ಸೆಮಿಫೈನಲ್‌ನಲ್ಲೂ ಗೋಲು ಹೊಡೆದರು, ಫೈನಲ್‌ನಲ್ಲೂ ಹೊಡೆದರು. ಫೈನಲ್‌ನ ಹಿಂದಿನ ರಾತ್ರಿ ಮಾಸ್ತರರು ಆಟಗಾರರನ್ನು ಕೂರಿಸಿಕೊಂಡು ಚಿನ್ನದ ಪದಕವನ್ನು ತಮಗೆ ಕಾಣಿಕೆಯಾಗಿ ಕೇಳಿದರೆಂದು ಆ ತಂಡದವರು ಹೇಳುತ್ತಿದ್ದರು. ಸೆಪ್ಟೆಂಬರ್ 4ರಂದು, ಸುಮಾರು ಒಂದು ಲಕ್ಷ ಜನರ ಕೂಗಾಟದ ನಡುವೆ, ಪಿ.ಕೆ. ಬ್ಯಾನರ್ಜಿ ಮತ್ತು ಜರ್ನೈಲ್ ಅವರ ಗೋಲುಗಳಿಂದ ಭಾರತ ಅದೇ ಕೊರಿಯಾವನ್ನು 2–1ರಿಂದ ಸೋಲಿಸಿತು.

ಒಂಬತ್ತು ತಿಂಗಳ ನಂತರ, 1963ರ ಜೂನ್ 11ರಂದು, ರಹೀಂ ತೀರಿಕೊಂಡರು. ವಯಸ್ಸು 53. ತರಬೇತುದಾರರಿಗೆ ಕೊಡುವ ದ್ರೋಣಾಚಾರ್ಯ ಪ್ರಶಸ್ತಿ ಆರಂಭವಾದದ್ದು ಅವರು ಹೋಗಿ 22 ವರ್ಷಗಳಾದ ಮೇಲೆ.

ಈ ಬದುಕನ್ನು ಓದಿ ಒಂದು ತಪ್ಪು ಅರ್ಥಕ್ಕೆ ಬರುವ ಅಪಾಯವಿದೆ. ಅಗ್ಗಕ್ಕೆ ಸಿಕ್ಕ ಮಾಸ್ತರ ಚಿನ್ನ ತಂದುಕೊಟ್ಟ, ಆದ್ದರಿಂದ ನಾವೂ ನಮ್ಮ ಮಾಸ್ತರರನ್ನು ಪುಕ್ಕಟೆಯಾಗಿಯೇ ದುಡಿಸಿಕೊಳ್ಳೋಣ ಎಂಬ ಅರ್ಥ. ನಮ್ಮ ಸಭೆಯಲ್ಲಿ ಈ ಮಾತು ಹೆಚ್ಚುಕಡಿಮೆ ಇದೇ ರೂಪದಲ್ಲಿ ಬಂದೂ ಹೋಯಿತು. ಫೆಡರೇಷನ್ ರಹೀಂ ಅವರ ಸುತ್ತ ಒಂದು ವ್ಯವಸ್ಥೆಯನ್ನು ಕಟ್ಟಲಿಲ್ಲ. ಅವರ ನಂತರ ಇಂಗ್ಲೆಂಡಿನ ಹ್ಯಾರಿ ರೈಟ್ ಅವರನ್ನು ಕರೆತರಬೇಕಾಯಿತು. ರಹೀಂ ಬೆಳೆಸಿದ ಆಟಗಾರರ ಬಲದಿಂದ 1964ರ ಏಷ್ಯಾ ಕಪ್‌ನಲ್ಲಿ ಎರಡನೆಯ ಸ್ಥಾನ, 1970ರ ಬ್ಯಾಂಕಾಕ್ ಕೂಟದಲ್ಲಿ ಕಂಚು ಬಂದವು. ಅದಾದ ಮೇಲೆ ಏಷ್ಯನ್ ಕ್ರೀಡಾಕೂಟದ ಫುಟ್‌ಬಾಲಿನಲ್ಲಿ ಭಾರತಕ್ಕೆ ಪದಕವಿಲ್ಲ.

ನಮ್ಮ ಕಡೆ ಗರಡಿ ಮನೆಯ ಗುರುವನ್ನು ವಸ್ತಾದ ಎನ್ನುತ್ತೇವೆ. ಉಸ್ತಾದ ಎಂಬ ಪದವೇ ನಮ್ಮ ಬಾಯಲ್ಲಿ ಹೀಗಾಗಿದೆ. ನಾನು ಚಿಕ್ಕವನಿದ್ದಾಗ ಸುಗ್ಗಿಯಲ್ಲಿ ವಸ್ತಾದರ ಮನೆಗೆ ಜೋಳ ಹೋಗುತ್ತಿತ್ತು. ಕೊಡುವವರು ಸಿರಿವಂತರೇನಲ್ಲ, ಮಳೆ ಹೋದ ವರ್ಷವೂ ಒಂದಿಷ್ಟು ಕಾಳು ತೆಗೆದಿಡುತ್ತಿದ್ದರು. ಆ ವರ್ಷದ ಜಾತ್ರೆಯ ಕುಸ್ತಿಯಲ್ಲಿ ನಮ್ಮ ಪೈಲ್ವಾನರು ಬಿದ್ದರೇ ಗೆದ್ದರೇ ಎಂದು ಕೇಳಿ ಅಳೆದುಕೊಟ್ಟದ್ದನ್ನು ನಾನು ಕಂಡಿಲ್ಲ.

ಹೈಸ್ಕೂಲು ಮಾಸ್ತರರಿಗೆ ಅವರ ಶಾಲೆಯ ಒಪ್ಪಿಗೆ ಪಡೆದು ಗೌರವಧನ ನಿಗದಿಪಡಿಸಬೇಕು, ನಾಲ್ಕು ವರ್ಷಗಳ ಅವಧಿಯನ್ನು ಬರವಣಿಗೆಯಲ್ಲಿ ಕೊಡಬೇಕು, ನಡುವೆ ಸೋತರೆಂದು ತೆಗೆಯಬಾರದು ಎಂದು ಅಧ್ಯಕ್ಷರಿಗೆ ಪತ್ರ ಬರೆದು, ನನ್ನ ಹಿಂದಿನ ಅಭಿಪ್ರಾಯವನ್ನು ಹಿಂತೆಗೆದುಕೊಂಡಿದ್ದೇನೆ. ಮುಂದಿನ ಸಭೆಯ ಕಾರ್ಯಸೂಚಿ ಕೈಸೇರಿದೆ. ಈ ವಿಷಯಕ್ಕೆ ಏಳನೆಯ ಸ್ಥಾನ ದೊರೆತಿದೆ. ಆರನೆಯದು ಕಟ್ಟಡದ ಸುಣ್ಣಬಣ್ಣ.