ಮಕ್ಕಳ ಜೊತೆ ಅಪ್ಪ ಅಮ್ಮನೂ ಆಡಲೆಂದು: ವಾಲ್ಟ್ ಡಿಸ್ನಿ

ರಜೆ ಹತ್ತಿರ ಬಂತೆಂದರೆ ಕೊಲ್ಲಿ ನಾಡಿನ ನಮ್ಮ ಮನೆಗಳಲ್ಲಿ ಎರಡು ಮಾತು ಕೇಳುತ್ತವೆ. ಒಂದು ಊರಿಗೆ ಹೋಗುವ ಮಾತು. ಇನ್ನೊಂದು ಮಕ್ಕಳ ಬೇಡಿಕೆ, ಡಿಸ್ನಿಲ್ಯಾಂಡ್! ಶಾಲೆಗೆ ಹೋಗುವ ಮಗ ಅಥವಾ ಮಗಳು ಒಂದು ಕಡೆ, ಈಗಷ್ಟೇ ನಡೆಯಲು ಕಲಿತ ಪುಟ್ಟ ತಮ್ಮನೋ ತಂಗಿಯೋ ಇನ್ನೊಂದು ಕಡೆ. ಇಷ್ಟು ಚಿಕ್ಕ ಮಗುವನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿ ಏನು ಮಾಡುವುದು ಎಂದು ನಾವು ಹಿರಿಯರು ಹಿಂದೆ ಮುಂದೆ ನೋಡುತ್ತೇವೆ. ಆದರೆ ಚಿಕ್ಕ ಮಕ್ಕಳಿರುವ ಒಬ್ಬ ಅಪ್ಪನ ತಲೆಯಲ್ಲೇ ಆ ಉದ್ಯಾನ ಹುಟ್ಟಿದ್ದು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಬನ್ನಿ, ಆ ಅಪ್ಪ ವಾಲ್ಟ್ ಡಿಸ್ನಿ ಅವರ ಬದುಕನ್ನು ಸ್ವಲ್ಪ ನೋಡೋಣ.

ವಾಲ್ಟ್ ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ಅಮೆರಿಕದ ಶಿಕಾಗೊ ನಗರದಲ್ಲಿ. ತಂದೆ ಎಲಿಯಾಸ್, ತಾಯಿ ಫ್ಲೋರಾ. ಮೂವರು ಅಣ್ಣಂದಿರು, ಒಬ್ಬಳು ತಂಗಿ. 1906ರಲ್ಲಿ ಕುಟುಂಬ ಮಿಸೌರಿ ರಾಜ್ಯದ ಮಾರ್ಸೆಲೀನ್ ಎಂಬ ಪುಟ್ಟ ಊರಿಗೆ ಹೋಗಿ ಬೇಸಾಯಕ್ಕೆ ಇಳಿಯಿತು. ದನ, ಹಂದಿ, ಸೇಬಿನ ಮರಗಳು, ಊರ ನಡುವೆ ಹಾದುಹೋಗುವ ರೈಲು, ಇವೆಲ್ಲ ಹುಡುಗನ ಮನಸ್ಸಿನಲ್ಲಿ ಗಟ್ಟಿಯಾಗಿ ಕುಳಿತವು. ಆದರೆ ಬೇಸಾಯ ಕೈಹಿಡಿಯಲಿಲ್ಲ. 1911ರಲ್ಲಿ ಕುಟುಂಬ ಕ್ಯಾನ್ಸಸ್ ಸಿಟಿಗೆ ಬಂತು.

ಅಲ್ಲಿ ತಂದೆ ಪತ್ರಿಕೆ ಹಂಚುವ ಗುತ್ತಿಗೆ ಹಿಡಿದರು. ಕೆಲಸ ಮಾಡಬೇಕಾದವರು ಅಣ್ಣ ರಾಯ್ ಮತ್ತು ವಾಲ್ಟ್. ಮಗನಿಗೆ ಕೂಲಿ ಎಂದು ತಂದೆ ಬಿಡಿಗಾಸನ್ನೂ ಕೊಡುತ್ತಿರಲಿಲ್ಲ. ಬೆಳಗಿನ ಜಾವ ಎದ್ದು, ಮಂಜು ಸುರಿಯುವ ಚಳಿಯಲ್ಲೂ ಮನೆಮನೆಗೆ ಪತ್ರಿಕೆ ಹಾಕಬೇಕು, ಆಮೇಲೆ ಶಾಲೆಗೆ ಹೋಗಬೇಕು. ಹೀಗೆ ಸುಮಾರು ಆರು ವರ್ಷ ನಡೆಯಿತು. ಕೆಲವೊಮ್ಮೆ ಬಾಲಕ ವಾಲ್ಟ್ ಯಾವುದೋ ಕಟ್ಟಡದ ಓಣಿಯಲ್ಲೇ ಒರಗಿ ನಿದ್ದೆ ಹೋಗುತ್ತಿದ್ದ. ಅನುಕೂಲಸ್ಥರ ಮನೆಯ ಜಗುಲಿಯಲ್ಲಿ ಮಕ್ಕಳು ಬಿಟ್ಟುಹೋದ ಆಟಿಕೆ ಕಂಡರೆ ಸ್ವಲ್ಪ ಹೊತ್ತು ಅದರ ಜೊತೆ ಆಡಿ, ಇದ್ದಲ್ಲೇ ಇಟ್ಟು ಮುಂದಿನ ಮನೆಗೆ ಓಡುತ್ತಿದ್ದ. ಆಟಕ್ಕೆಂದು ಅವನಿಗೆ ಸಿಗುತ್ತಿದ್ದ ಸಮಯ ಅಷ್ಟೇ! ಅದೇ ನಗರದಲ್ಲಿ ಎಲೆಕ್ಟ್ರಿಕ್ ಪಾರ್ಕ್ ಎಂಬ ಮನರಂಜನಾ ಉದ್ಯಾನವಿತ್ತು. ಸಾವಿರಾರು ವಿದ್ಯುತ್ ದೀಪಗಳಿಂದ ಝಗಮಗಿಸುತ್ತಿದ್ದ ಆ ಜಾಗ ಅಣ್ಣ ತಂಗಿಯರಿಗೆ ಸ್ವರ್ಗದಂತೆ ಕಾಣುತ್ತಿತ್ತು.

ಮೊದಲ ಮಹಾಯುದ್ಧದ ಕೊನೆಯಲ್ಲಿ ವಾಲ್ಟ್ ರೆಡ್ ಕ್ರಾಸ್ ಸೇರಿ ಫ್ರಾನ್ಸ್‌ನಲ್ಲಿ ಆಂಬುಲೆನ್ಸ್ ಓಡಿಸಿದರು. ಹಿಂತಿರುಗಿದ ಮೇಲೆ ಚಿತ್ರ ಬಿಡಿಸುವುದನ್ನೇ ಉದ್ಯೋಗ ಮಾಡಿಕೊಂಡರು. ಅವರು ಕಟ್ಟಿದ ಮೊದಲ ಕಾರ್ಟೂನ್ ಕಂಪನಿ 1923ರಲ್ಲಿ ದಿವಾಳಿಯಾಯಿತು. ಅದೇ ವರ್ಷ ಹಾಲಿವುಡ್‌ಗೆ ಹೋಗಿ, ಅಣ್ಣ ರಾಯ್ ಜೊತೆ ಸೇರಿ ಅಕ್ಟೋಬರ್ 16ರಂದು ಹೊಸ ಸ್ಟುಡಿಯೋ ಆರಂಭಿಸಿದರು. ರಾಯ್ ಎಂಟು ವರ್ಷ ದೊಡ್ಡವರು. ತಮ್ಮ ಕನಸು ಕಾಣುವುದು, ಅಣ್ಣ ಹಣ ಹೊಂದಿಸುವುದು, ಇದು ಕೊನೆಯವರೆಗೂ ನಡೆದುಬಂದ ಪದ್ಧತಿ. 1925ರಲ್ಲಿ ಸ್ಟುಡಿಯೋದಲ್ಲೇ ಕೆಲಸಕ್ಕಿದ್ದ ಲಿಲಿಯನ್ ಅವರೊಂದಿಗೆ ವಾಲ್ಟ್ ಮದುವೆಯಾಯಿತು.

1928ರಲ್ಲಿ ಮತ್ತೊಂದು ಪೆಟ್ಟು ಬಿತ್ತು. ಅವರು ಬೆಳೆಸಿದ್ದ ಓಸ್ವಾಲ್ಡ್ ಎಂಬ ಮೊಲದ ಪಾತ್ರದ ಹಕ್ಕು ಅವರದಾಗಿರಲಿಲ್ಲ. ಪಾತ್ರವೂ ಕೈಬಿಟ್ಟಿತು, ಹೆಚ್ಚಿನ ಕಲಾವಿದರೂ ಬಿಟ್ಟುಹೋದರು. ವಾಲ್ಟ್ ಕೈಕಟ್ಟಿ ಕೂರಲಿಲ್ಲ. ಗೆಳೆಯ ಅಬ್ ಐವರ್ಕ್ಸ್ ಜೊತೆ ಸೇರಿ ಒಂದು ಇಲಿಯನ್ನು ಸೃಷ್ಟಿಸಿದರು. ಅದೇ ವರ್ಷ ನವೆಂಬರ್ 18ರಂದು ಸದ್ದು ಸಂಗೀತದೊಡನೆ ತೆರೆಗೆ ಬಂದ ಸ್ಟೀಮ್‌ಬೋಟ್ ವಿಲ್ಲಿ ಚಿತ್ರದಿಂದ ಮಿಕ್ಕಿ ಮೌಸ್ ಜಗತ್ತಿನ ಮಕ್ಕಳ ಗೆಳೆಯನಾದ. 1937ರಲ್ಲಿ ಸ್ನೋ ವೈಟ್ ಕಥೆಯನ್ನು ಪೂರ್ಣ ಪ್ರಮಾಣದ ಕಾರ್ಟೂನ್ ಚಿತ್ರವಾಗಿ ತಂದಾಗ, ಇದು ಹುಚ್ಚು ಸಾಹಸ ಎಂದು ನಕ್ಕಿದ್ದವರು ಬಾಯಿ ಮುಚ್ಚಿಕೊಂಡರು.

ಎಲ್ಲವೂ ಹೂವಿನ ಹಾದಿಯಾಗಿರಲಿಲ್ಲ. ಅಣ್ಣತಮ್ಮಂದಿರು ಪ್ರೀತಿಯಿಂದ ತಂದೆತಾಯಿಗೆ ಕೊಡಿಸಿದ್ದ ಹೊಸ ಮನೆಯಲ್ಲಿ ಬಿಸಿಗಾಳಿಯ ಒಲೆ ಕೆಟ್ಟು ವಿಷಾನಿಲ ತುಂಬಿ, 1938ರಲ್ಲಿ ತಾಯಿ ತೀರಿಕೊಂಡರು. 1941ರಲ್ಲಿ ಸ್ಟುಡಿಯೋದ ಕಲಾವಿದರು ಮುಷ್ಕರ ಹೂಡಿದರು. ಸಂಬಳದ ತಾರತಮ್ಯದ ಬಗ್ಗೆ ಅವರ ದೂರಿನಲ್ಲಿ ಹುರುಳಿತ್ತು. ಆದರೆ ವಾಲ್ಟ್ ಅದನ್ನು ದ್ರೋಹವೆಂದು ಬಗೆದರು. ಆ ಕಹಿ ಅವರ ಮನಸ್ಸಿನಿಂದ ಹೋಗಲೇ ಇಲ್ಲ. ದೊಡ್ಡವರಲ್ಲೂ ಸಣ್ಣ ಗುಣಗಳಿರುತ್ತವೆ ಎಂಬುದನ್ನು ನಾವು ಮರೆಯಬಾರದು.

ಇಷ್ಟೆಲ್ಲ ಕೆಲಸದ ನಡುವೆಯೂ ಅವರು ಅಪ್ಪನಾಗಿದ್ದರು. 1933ರಲ್ಲಿ ಹುಟ್ಟಿದ ಡಯಾನ್ ಮತ್ತು 1936ರಲ್ಲಿ ಹುಟ್ಟಿದ, ಅವರು ದತ್ತು ಪಡೆದ ಶರೋನ್, ಇಬ್ಬರು ಹೆಣ್ಣುಮಕ್ಕಳು. ವಾರದ ರಜೆಯಲ್ಲಿ ಮಕ್ಕಳನ್ನು ಲಾಸ್ ಏಂಜಲೀಸ್‌ನ ಗ್ರಿಫಿತ್ ಪಾರ್ಕಿಗೆ ಕರೆದೊಯ್ಯುತ್ತಿದ್ದರು. ಮಕ್ಕಳು ಮರದ ಕುದುರೆಗಳ ಮೇಲೆ ಕುಳಿತು ಸುತ್ತುತ್ತಿದ್ದರೆ, ಅಪ್ಪ ಬೆಂಚಿನ ಮೇಲೆ ಕಡಲೆಕಾಯಿ ಮೆಲ್ಲುತ್ತ ಕಾಯುತ್ತಿದ್ದರು. ಸುತ್ತಲೂ ನೋಡಿದರೆ ಬೇರೆ ಅಪ್ಪ ಅಮ್ಮಂದಿರದೂ ಅದೇ ಪಾಡು. ಮಕ್ಕಳಿಗೆ ಆಟ, ದೊಡ್ಡವರಿಗೆ ಕಾಯುವ ಕೆಲಸ! ಬೇರೆ ಮನರಂಜನಾ ಉದ್ಯಾನಗಳಿಗೆ ಹೋದರೆ ಕಸ, ಬಣ್ಣ ಕಿತ್ತುಹೋದ ಕುದುರೆಗಳು, ಸಿಡುಕುವ ಸಿಬ್ಬಂದಿ. ಹೆತ್ತವರೂ ಮಕ್ಕಳೂ ಒಟ್ಟಿಗೆ ಕುಳಿತು ಆಡುವಂಥ ಒಂದು ಚೊಕ್ಕಟವಾದ ಜಾಗ ಏಕಿರಬಾರದು ಎಂಬ ಯೋಚನೆ ಅಲ್ಲಿ ಮೊಳೆಯಿತು.

ಈ ಯೋಚನೆ ಮರವಾಗಲು ಹೆಚ್ಚುಕಡಿಮೆ ಹದಿನೈದು ವರ್ಷ ಹಿಡಿಯಿತು. ಬ್ಯಾಂಕಿನವರು ತಲೆಯಾಡಿಸಲಿಲ್ಲ. ರಾಯ್ ಅವರಿಗೂ ಮೊದಲು ಮನಸ್ಸಿರಲಿಲ್ಲ. ವಾಲ್ಟ್ ತಮ್ಮ ಜೀವವಿಮೆಯ ಮೇಲೆ ಸಾಲ ಎತ್ತಿದರು, ಪಾಮ್ ಸ್ಪ್ರಿಂಗ್ಸ್‌ನ ಮನೆ ಮಾರಿದರು. ಆ ಹೊತ್ತಿಗೆ ಅವರು ಐವತ್ತು ದಾಟಿದ್ದರು. ಸೋತಿದ್ದರೆ ಗಳಿಸಿದ್ದೆಲ್ಲ ನೀರಲ್ಲಿ ಹೋಮ. 1953ರ ಸೆಪ್ಟೆಂಬರ್‌ನಲ್ಲಿ ಕಲಾವಿದ ಹರ್ಬ್ ರೈಮನ್ ಎರಡೇ ದಿನಗಳಲ್ಲಿ ಬಿಡಿಸಿಕೊಟ್ಟ ನಕ್ಷೆ ಹಿಡಿದು ರಾಯ್ ನ್ಯೂಯಾರ್ಕ್‌ಗೆ ಹೋದರು. ಕೊನೆಗೆ ಎಬಿಸಿ ದೂರದರ್ಶನ ಸಂಸ್ಥೆ, ಡಿಸ್ನಿ ಅವರ ವಾರದ ಕಾರ್ಯಕ್ರಮ ತನಗೆ ಸಿಗಬೇಕೆಂಬ ಕರಾರಿನ ಮೇಲೆ ಹಣ ಹೂಡಲು ಒಪ್ಪಿತು. ಅನಾಹೈಮ್‌ನ 160 ಎಕರೆ ಕಿತ್ತಳೆ ತೋಟಗಳಲ್ಲಿ 1954ರ ಜುಲೈನಲ್ಲಿ ಕೆಲಸ ಆರಂಭವಾಗಿ, ಒಂದೇ ವರ್ಷದಲ್ಲಿ ಸುಮಾರು 1 ಕೋಟಿ 70 ಲಕ್ಷ ಡಾಲರ್ ಖರ್ಚಿನಲ್ಲಿ ಡಿಸ್ನಿಲ್ಯಾಂಡ್ ಎದ್ದು ನಿಂತಿತು.

1955ರ ಜುಲೈ 17, ಪ್ರಾರಂಭೋತ್ಸವದ ದಿನ. ಕೊಲ್ಲಿಯ ಬೇಸಿಗೆ ಬಲ್ಲ ನಮಗೆ ಅಂದಿನ ಫಜೀತಿ ಚೆನ್ನಾಗಿ ಅರ್ಥವಾಗುತ್ತದೆ. ಸುಮಾರು 38 ಡಿಗ್ರಿ ಬಿಸಿಲು. ನಕಲಿ ಆಮಂತ್ರಣ ಪತ್ರಗಳು ಹುಟ್ಟಿಕೊಂಡು, ಎಣಿಸಿದ್ದಕ್ಕಿಂತ ಎಷ್ಟೋ ಹೆಚ್ಚು, ಸುಮಾರು 28,000 ಜನ ನುಗ್ಗಿದರು. ಹೊಸ ಡಾಂಬರು ಕರಗಿ ಹೆಂಗಸರ ಚಪ್ಪಲಿಯ ಹಿಮ್ಮಡಿ ಹೂತುಹೋಯಿತು. ಕೊಳಾಯಿ ಕೆಲಸದವರ ಮುಷ್ಕರದಿಂದ ಶೌಚಾಲಯ ಮತ್ತು ಕುಡಿಯುವ ನೀರಿನ ನಲ್ಲಿ ಎರಡನ್ನೂ ಸಿದ್ಧಪಡಿಸಲಾಗದೆ, ವಾಲ್ಟ್ ಶೌಚಾಲಯವನ್ನೇ ಆರಿಸಿಕೊಂಡಿದ್ದರು. ಪುಟ್ಟ ಮಕ್ಕಳ ಜೊತೆ ತಿರುಗಾಡಿದವರು ಇದನ್ನು ತಪ್ಪೆನ್ನಲಾರರು! ಪತ್ರಿಕೆಗಳು ಟೀಕಿಸಿದವು. ಅವರು ಒಂದೊಂದೇ ಕೊರತೆ ಸರಿಪಡಿಸುತ್ತ ಹೋದರು. ಎರಡು ತಿಂಗಳು ತುಂಬುವ ಮೊದಲೇ ಹತ್ತು ಲಕ್ಷ ಜನ ಬಂದುಹೋದರು. 1961ರ ನವೆಂಬರ್‌ನಲ್ಲಿ ನಮ್ಮ ಪ್ರಧಾನಿ ಜವಾಹರಲಾಲ್ ನೆಹರೂ ಅಲ್ಲಿಗೆ ಹೋದಾಗ ಸ್ವತಃ ವಾಲ್ಟ್ ಅವರೇ ಜೊತೆಯಲ್ಲಿದ್ದು ತೋರಿಸಿದರು.

ಉದ್ಯಾನದ ಒಳಗೇ ಅಗ್ನಿಶಾಮಕ ಠಾಣೆಯ ಮಹಡಿಯಲ್ಲಿ ಅವರಿಗೆ ಒಂದು ಪುಟ್ಟ ಮನೆಯಿತ್ತು. ಅಲ್ಲಿಂದ ಇಳಿದು ಬಂದು ಸಾಮಾನ್ಯರ ಜೊತೆ ಸಾಲಿನಲ್ಲಿ ನಿಲ್ಲುತ್ತಿದ್ದರು, ಜನರ ಮುಖ ನೋಡುತ್ತಿದ್ದರು. ಟೊರಾಂಟೊದಿಂದ ತರಿಸಿದ ಹಳೆಯ ಕುದುರೆ ತಿರುಗಣೆಯಲ್ಲಿ, ಯಾವ ಮಗುವಿಗೂ ಬೇಸರವಾಗದಂತೆ ಎಲ್ಲ ಕುದುರೆಗಳೂ ನೆಗೆಯುವ ಕುದುರೆಗಳಾಗಿರಬೇಕೆಂದು ಹಟ ಹಿಡಿದಿದ್ದರು.

ಫ್ಲೋರಿಡಾದಲ್ಲಿ ಸುಮಾರು 27,000 ಎಕರೆ ಜಾಗ ಕೊಂಡು ಇನ್ನೂ ದೊಡ್ಡ ಯೋಜನೆ ಹಾಕಿದ್ದಾಗಲೇ, 1966ರ ಡಿಸೆಂಬರ್ 15ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ವಾಲ್ಟ್ ತೀರಿಕೊಂಡರು. 65 ತುಂಬಿ ಹತ್ತೇ ದಿನವಾಗಿತ್ತು. ಅವರು ಹರೆಯದಿಂದಲೂ ವಿಪರೀತ ಸಿಗರೇಟ್ ಸೇದುತ್ತಿದ್ದರು, ಇದನ್ನು ನಮ್ಮ ದೊಡ್ಡ ತರಗತಿಯ ಮಕ್ಕಳು ಗಮನಿಸಬೇಕು. ನಿವೃತ್ತಿ ಮುಂದೂಡಿದ ಅಣ್ಣ ರಾಯ್ ಕೆಲಸ ಮುಗಿಸಿ, 1971ರ ಅಕ್ಟೋಬರ್ 1ರಂದು ತೆರೆದ ಆ ಜಾಗಕ್ಕೆ ತಮ್ಮನ ಹೆಸರು ಸೇರಿಸಿ ವಾಲ್ಟ್ ಡಿಸ್ನಿ ವರ್ಲ್ಡ್ ಎಂದು ಕರೆದರು. ಅದೇ ಡಿಸೆಂಬರ್‌ನಲ್ಲಿ ತಾವೂ ಕಣ್ಣು ಮುಚ್ಚಿದರು. ಆಮೇಲೆ ಟೋಕಿಯೊ, ಪ್ಯಾರಿಸ್, ಹಾಂಗ್‌ಕಾಂಗ್, ಶಾಂಘೈಗಳಲ್ಲೂ ಉದ್ಯಾನಗಳು ಬಂದವು. ಅಬುಧಾಬಿಯ ಯಾಸ್ ದ್ವೀಪದಲ್ಲೂ ಒಂದು ಬರಲಿದೆ ಎಂದು 2025ರ ಮೇ ತಿಂಗಳಲ್ಲಿ ಘೋಷಣೆಯಾಯಿತು.

ಇನ್ನು ನಮ್ಮ ರಜೆಯ ವಿಷಯ. ವಾಲ್ಟ್ ಅವರ ಆ ಮೊದಲ ಯೋಚನೆಯನ್ನು ನೆನಪಿಟ್ಟುಕೊಂಡರೆ ಪುಟ್ಟ ಮಗುವಿನೊಡನೆ ಹೋಗುವ ತಯಾರಿ ಸುಲಭ. ಮೊದಲು ಮಗು ನಮ್ಮ ಜೊತೆ ಕುಳಿತುಕೊಳ್ಳಬಹುದಾದ ಆಟಗಳ ಪಟ್ಟಿ ಮಾಡೋಣ. ಹಾರುವ ಆನೆ ಡಂಬೊ, ಕುದುರೆ ತಿರುಗಣೆ, ಉದ್ಯಾನದ ಸುತ್ತ ಓಡುವ ರೈಲು, ದೋಣಿಯಲ್ಲಿ ಕುಳಿತು ನಾನಾ ದೇಶಗಳ ಬೊಂಬೆಗಳನ್ನು ನೋಡುವ ಸ್ಮಾಲ್ ವರ್ಲ್ಡ್, ಇವುಗಳಿಗೆ ಎತ್ತರದ ಕಟ್ಟುಪಾಡಿಲ್ಲ. ವೇಗದ ಆಟಗಳಿಗೆ ಇದೆ. ಅನಾಹೈಮ್‌ನ ಸ್ಪೇಸ್ ಮೌಂಟನ್‌ಗೆ 102 ಸೆಂಟಿಮೀಟರ್ ಬೇಕು. ಆದ್ದರಿಂದ ಮಕ್ಕಳ ಎತ್ತರವನ್ನು ಮನೆಯಲ್ಲೇ ಅಳೆದುಕೊಂಡು ಹೋದರೆ ಅಲ್ಲಿ ಅಳು ತಪ್ಪುತ್ತದೆ. ದೊಡ್ಡ ಮಗುವಿಗಾಗಿ ಅಂಥ ಆಟಕ್ಕೆ ಹೋಗಲೇಬೇಕಾದರೆ, ಅಪ್ಪ ಅಮ್ಮ ಸರದಿಯ ಮೇಲೆ ಹೋಗುವ ಸೌಲಭ್ಯವುಂಟು. ಒಬ್ಬರು ಪುಟ್ಟ ಮಗುವಿನೊಡನೆ ಹೊರಗಿದ್ದು, ಇನ್ನೊಬ್ಬರು ಬಂದ ಮೇಲೆ ಪೂರ್ತಿ ಸಾಲು ನಿಲ್ಲದೆ ಒಳಗೆ ಹೋಗಬಹುದು. ಬಾಗಿಲಲ್ಲಿರುವ ಸಿಬ್ಬಂದಿಯನ್ನು ಮೊದಲೇ ಕೇಳಬೇಕು. ಅನಾಹೈಮ್, ಫ್ಲೋರಿಡಾ, ಪ್ಯಾರಿಸ್‌ಗಳಲ್ಲಿ ಮೂರು ವರ್ಷದೊಳಗಿನವರಿಗೆ ಟಿಕೆಟ್ ಬೇಕಿಲ್ಲ. ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಹೋಗಿ, ಮಧ್ಯಾಹ್ನ ನಿದ್ದೆಯ ಹೊತ್ತಿಗೆ ಕೋಣೆಗೆ ಮರಳಿ, ಸಂಜೆ ತಂಪಿನಲ್ಲಿ ಮತ್ತೆ ಹೋಗುವುದು ಒಳ್ಳೆಯದು. ಕತ್ತಲ ಆಟ ಕಂಡು, ಆಳೆತ್ತರದ ಮಿಕ್ಕಿ ಕಂಡು ಮಗು ಹೆದರಿದರೆ ಫೋಟೋಗಾಗಿ ಬಲವಂತ ಮಾಡುವುದು ಬೇಡ.

ಎರಡು ವರ್ಷದ ಮಗುವಿಗೆ ಈ ಪ್ರವಾಸ ಮುಂದೆ ನೆನಪಿರಲಾರದು, ಹಣ ದಂಡ ಎನ್ನುವವರಿದ್ದಾರೆ. ಊರು ಬಿಟ್ಟು ದುಡಿಯಲು ಬಂದ ನಮಗೆ ಹಣದ ಬೆಲೆ ಗೊತ್ತು, ಆ ಮಾತನ್ನು ತಳ್ಳಿಹಾಕುವಂತಿಲ್ಲ. ದೂರದ ಉದ್ಯಾನ ಈ ವರ್ಷ ಆಗದಿದ್ದರೆ ಚಿಂತೆಯಿಲ್ಲ, ನಮ್ಮ ಬಡಾವಣೆಯ ಪಾರ್ಕಿನಲ್ಲೂ ಉಯ್ಯಾಲೆ ಇದೆ. ಎಲ್ಲಿಗೇ ಹೋದರೂ ಮಗು ಮರದ ಕುದುರೆ ಏರಿದಾಗ ನಾವು ಮೊಬೈಲು ಹಿಡಿದು ದೂರ ಕೂರದೆ, ಪಕ್ಕದ ಕುದುರೆ ಏರೋಣ. ಜಗುಲಿಯಲ್ಲಿ ಬೇರೆಯವರ ಆಟಿಕೆಯೊಡನೆ ಎರಡು ನಿಮಿಷ ಆಡಿ ಓಡುತ್ತಿದ್ದ ಹುಡುಗ, ಅಪ್ಪನಾದ ಮೇಲೆ ಇದ್ದುದನ್ನೆಲ್ಲ ಪಣಕ್ಕಿಟ್ಟಿದ್ದು ಅದಕ್ಕಾಗಿಯೇ.