ಟೋಪಿ ವ್ಯಾಪಾರಿ ತಂದ ತೆರಿಗೆ

ಜುಲೈ ತಿಂಗಳು ಬಂತೆಂದರೆ ಸಂಬಳದಾರರ ಮನೆಗಳಲ್ಲಿ ಫಾರಂ 16ರ ಹುಡುಕಾಟ ಆರಂಭವಾಗುತ್ತದೆ. ಬ್ಯಾಂಕಿನ ಬಡ್ಡಿ ಎಷ್ಟು ಬಂತು, ಕಡಿತವಾದ ತೆರಿಗೆ ತಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗಿದೆಯೇ, ಹೆಚ್ಚು ಕಟ್ಟಿದ್ದರೆ ಮರಳಿ ಬರುವುದೆಂದು ಎಂಬ ಲೆಕ್ಕಾಚಾರದಲ್ಲಿ ಒಂದೆರಡು ಭಾನುವಾರಗಳು ಕಳೆದುಹೋಗುತ್ತವೆ. ಇದೇ ತಿಂಗಳ 24ನ್ನು ಆದಾಯ ತೆರಿಗೆ ಇಲಾಖೆ ತನ್ನ ದಿನವೆಂದು ಆಚರಿಸುತ್ತದೆ. 1860ರ ಜುಲೈ 24ರಂದು ಭಾರತದ ಮೊದಲ ಆದಾಯ ತೆರಿಗೆ ಕಾಯ್ದೆಗೆ ಅಂಕಿತ ಬಿದ್ದ ನೆನಪಿಗೆ ಈ ಆಚರಣೆ. ಆ ಕಾಯ್ದೆಯನ್ನು ರೂಪಿಸಿದ ಜೇಮ್ಸ್ ವಿಲ್ಸನ್ ಹೆಸರು ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಪರಿಚಿತ. ಆದರೆ ಆತನ ಬದುಕಿನ ಕಥೆಯನ್ನು ತೆರಿಗೆ ಕಟ್ಟುವವರೂ ಅರಿಯಬೇಕಾದ ಕಾರಣಗಳಿವೆ.

ವಿಲ್ಸನ್ ಹುಟ್ಟಿದ್ದು 1805ರ ಜೂನ್ 3ರಂದು, ಸ್ಕಾಟ್ಲೆಂಡ್‌ನ ಹಾವಿಕ್ ಎಂಬ ಸಣ್ಣ ಪಟ್ಟಣದಲ್ಲಿ. ತಂದೆ ಉಣ್ಣೆ ಬಟ್ಟೆ ಗಿರಣಿಯ ಮಾಲೀಕ, ಕ್ವೇಕರ್ ಪಂಥದ ನಿಷ್ಠಾವಂತ. ಆಣೆ ಪ್ರಮಾಣ ಮಾಡದ, ಆಡಿದ ಮಾತೇ ಪ್ರಮಾಣವೆಂದು ನಂಬುವ ಪಂಥವದು. ಹದಿನೈದು ಮಕ್ಕಳ ದೊಡ್ಡ ಸಂಸಾರದಲ್ಲಿ ಜೇಮ್ಸ್ ನಾಲ್ಕನೆಯವನು. ಓದಿನಲ್ಲಿ ಮುಂದಿದ್ದ ಹುಡುಗನಿಗೆ ಮೊದಲು ಶಿಕ್ಷಕನಾಗುವ, ಆನಂತರ ವಕೀಲನಾಗುವ ಆಸೆ ಇತ್ತು. ವಕೀಲಿಗೆ ಪಂಥದ ನಿಯಮ ಅಡ್ಡ ಬಂತು. ಕೊನೆಗೆ ಆತ ಸೇರಿದ್ದು ಟೋಪಿ ತಯಾರಿಸುವ ಕಾರ್ಖಾನೆಗೆ. ತಂದೆ ಅದನ್ನೇ ಕೊಂಡು ಜೇಮ್ಸ್ ಮತ್ತು ಸೋದರ ವಿಲಿಯಂಗೆ ವಹಿಸಿಕೊಟ್ಟರು. 1824ರಲ್ಲಿ ಇಬ್ಬರೂ ಲಂಡನ್ನಿಗೆ ಹೋಗಿ ಟೋಪಿ ವ್ಯಾಪಾರವನ್ನು ಬೆಳೆಸಿದರು. ಮೂವತ್ತು ದಾಟುವಷ್ಟರಲ್ಲಿ ವಿಲ್ಸನ್ ಸಾಕಷ್ಟು ಸಿರಿವಂತನಾಗಿದ್ದ.

ಆ ಸಿರಿ ಕರಗಿದ್ದು ನೀಲಿಯ ವ್ಯಾಪಾರದಲ್ಲಿ. ಬಂಗಾಳದ ರೈತರ ಪಾಲಿಗೆ ಶಾಪವಾಗಿದ್ದ ನೀಲಿಯೇ ಲಂಡನ್ ಮಾರುಕಟ್ಟೆಯಲ್ಲಿ ಸಟ್ಟಾ ವ್ಯಾಪಾರದ ಸರಕಾಗಿತ್ತು. ಬೆಲೆ ಏರುವುದೆಂದು ನಂಬಿ ವಿಲ್ಸನ್ ಹೂಡಿದ ಹಣ 1837ರ ಸುಮಾರಿಗೆ ಬಹುಪಾಲು ಮುಳುಗಿತು. ಸಾಲಗಾರರೊಡನೆ ರಾಜಿಯಾಗಿ, ಆಸ್ತಿ ಬಿಟ್ಟುಕೊಟ್ಟು ಆತ ದಿವಾಳಿಯಿಂದ ಪಾರಾದ. ಹೀಗೆ ಒಪ್ಪಿಸಿದ ಆಸ್ತಿಯೊಂದು ಮುಂದೆ ನಿರೀಕ್ಷಿಸಿದಷ್ಟು ಬೆಲೆ ಬಾಳದೆ ಹೋದಾಗ, ಕಾನೂನಿನ ಬಲವಂತ ಇಲ್ಲದಿದ್ದರೂ ಕೊರತೆಯ ಮೊತ್ತವನ್ನು ಆತ ಸದ್ದಿಲ್ಲದೆ ತುಂಬಿಕೊಟ್ಟ. ಯಾರೂ ಕೇಳದಿದ್ದರೂ ತಾನು ಕೊಡಬೇಕಾದುದನ್ನು ತಾನೇ ಲೆಕ್ಕ ಹಾಕಿ ಕೊಟ್ಟ ಈ ಮನುಷ್ಯ, ಮುಂದೆ ಒಂದು ಉಪಖಂಡದ ಜನರಿಂದ ಅದನ್ನೇ ನಿರೀಕ್ಷಿಸಿದ.

ವ್ಯಾಪಾರದ ಏಳುಬೀಳು ವಿಲ್ಸನ್‌ನನ್ನು ಅರ್ಥಶಾಸ್ತ್ರದ ಕಡೆಗೆ ತಿರುಗಿಸಿತು. ಆಗ ಇಂಗ್ಲೆಂಡಿನಲ್ಲಿ ಹೊರದೇಶದ ಧಾನ್ಯದ ಮೇಲೆ ಭಾರಿ ಸುಂಕವಿತ್ತು. ಜಮೀನುದಾರರ ಹಿತ ಕಾಯುತ್ತಿದ್ದ ಈ ಧಾನ್ಯ ಕಾನೂನುಗಳು ಬಡವರ ರೊಟ್ಟಿಯನ್ನು ದುಬಾರಿಯಾಗಿಸಿದ್ದವು. ಅವನ್ನು ವಿರೋಧಿಸಿ 1839ರಲ್ಲಿ ಪುಸ್ತಿಕೆ ಬರೆದ ವಿಲ್ಸನ್, 1843ರಲ್ಲಿ ಮುಕ್ತ ವ್ಯಾಪಾರದ ಪ್ರಚಾರಕ್ಕೆಂದೇ ‘ದಿ ಎಕಾನಮಿಸ್ಟ್’ ವಾರಪತ್ರಿಕೆ ಆರಂಭಿಸಿದ. ಪತ್ರಿಕೆ ಇಂದಿಗೂ ನಡೆಯುತ್ತಿದೆ. 1846ರಲ್ಲಿ ಧಾನ್ಯ ಕಾನೂನುಗಳು ರದ್ದಾದವು. ಮರುವರ್ಷ ವಿಲ್ಸನ್ ಸಂಸತ್ ಸದಸ್ಯನಾದ. ಐರ್ಲೆಂಡ್ ಭೀಕರ ಕ್ಷಾಮದಲ್ಲಿ ಬೇಯುತ್ತಿದ್ದಾಗಲೂ ಸರ್ಕಾರ ಮಾರುಕಟ್ಟೆಯಲ್ಲಿ ಕೈ ಹಾಕಬಾರದೆಂದು ಆತನ ಪತ್ರಿಕೆ ವಾದಿಸಿತೆಂಬುದನ್ನೂ ಮರೆಯಬಾರದು. ಸಿದ್ಧಾಂತದ ನಿಷ್ಠೆ ಕರುಣೆಯನ್ನು ಮೀರಿದ ಸಂದರ್ಭವದು.

ಇಲ್ಲೊಂದು ಸ್ವಾರಸ್ಯವಿದೆ. ಬ್ರಿಟನ್ನಿನಲ್ಲಿ ಆದಾಯ ತೆರಿಗೆ 1799ರಲ್ಲಿ ಬಂದದ್ದು ಫ್ರಾನ್ಸಿನೊಡನೆ ನಡೆದ ಯುದ್ಧದ ಖರ್ಚಿಗಾಗಿ. ಜನ ತಾವಾಗಿ ಹೇಳಿಕೊಂಡ ಆದಾಯವನ್ನು ನಂಬಿದ ಆ ತೆರಿಗೆ ನಿರೀಕ್ಷೆಗಿಂತ ಬಹಳ ಕಡಿಮೆ ತಂದಿತು. 1803ರಲ್ಲಿ ಪ್ರಧಾನಿ ಹೆನ್ರಿ ಆಡಿಂಗ್ಟನ್ ಹಣ ಕೈಸೇರುವ ಮುನ್ನ ಮೂಲದಲ್ಲೇ ತೆರಿಗೆ ಕಡಿಯುವ ಉಪಾಯ ತಂದಾಗ ಅರ್ಧದಷ್ಟು ದರದಲ್ಲೇ ಹೆಚ್ಚುಕಡಿಮೆ ಅಷ್ಟೇ ಹಣ ಬಂತು. ಇಂದು ನಮ್ಮ ಸಂಬಳದ ಚೀಟಿಯಲ್ಲಿ ಕಾಣುವ ಟಿಡಿಎಸ್‌ನ ಮೂಲಪುರುಷ ಆತನೇ ಎನ್ನಬಹುದು. 1842ರಲ್ಲಿ ಮರಳಿ ಬಂದ ತೆರಿಗೆ ಮುಕ್ತ ವ್ಯಾಪಾರಿಗಳಿಗೂ ಒಪ್ಪಿಗೆಯಾಯಿತು. ಬಡವರ ಅನ್ನದ ಮೇಲಿನ ಸುಂಕ ಇಳಿಸಬೇಕಾದರೆ ಉಳ್ಳವರ ಆದಾಯದ ಮೇಲೆ ತೆರಿಗೆ ಹಾಕಲೇಬೇಕಲ್ಲ. 1853ರಲ್ಲಿ ಹಣಕಾಸು ಸಚಿವ ಗ್ಲ್ಯಾಡ್‌ಸ್ಟನ್ ಈ ತೆರಿಗೆಯನ್ನು ಹಂತಹಂತವಾಗಿ ಇಳಿಸಿ 1860ಕ್ಕೆ ಕೊನೆಗೊಳಿಸುವ ಯೋಜನೆ ಮುಂದಿಟ್ಟಾಗ ವಿಲ್ಸನ್ ಖಜಾನೆಯಲ್ಲಿ ಅವರ ಕೈಕೆಳಗಿನ ಹಣಕಾಸು ಕಾರ್ಯದರ್ಶಿ. ಅಲ್ಲಿ ತೆರಿಗೆ ಕೊನೆಯಾಗಬೇಕಿದ್ದ ವರ್ಷವೇ ಆತ ಅದನ್ನು ಭಾರತಕ್ಕೆ ತಂದ. ಅಲ್ಲಿಯೂ ಅದು ಕೊನೆಯಾಗಲಿಲ್ಲ.

ವಿಲ್ಸನ್ ಇಲ್ಲಿಗೆ ಬಂದದ್ದು 1857ರ ದಂಗೆಯ ಕಾರಣದಿಂದ. ದಂಗೆ ಅಡಗಿಸಲು ಮಾಡಿದ ವೆಚ್ಚವನ್ನೆಲ್ಲ ಬ್ರಿಟಿಷರು ಭಾರತದ ಲೆಕ್ಕಕ್ಕೇ ಬರೆದರು. ಮೂರೇ ವರ್ಷಗಳಲ್ಲಿ ಬೊಕ್ಕಸದ ಕೊರತೆ ಸುಮಾರು 3 ಕೋಟಿ ಪೌಂಡ್ ಮುಟ್ಟಿತು. ವೈಸ್‌ರಾಯ್ ಕ್ಯಾನಿಂಗ್ ಅವರ ಮಂಡಳಿಗೆ ಹಣಕಾಸು ಬಲ್ಲ ಸದಸ್ಯನೊಬ್ಬ ಬೇಕಾದಾಗ ಆಯ್ಕೆ ವಿಲ್ಸನ್ ಮೇಲೆ ಬಿತ್ತು. ಲಂಡನ್ನಿನಲ್ಲಿ ಏರುತ್ತಿದ್ದ ರಾಜಕೀಯ ಭವಿಷ್ಯವನ್ನು ಬಿಟ್ಟು, 54ನೇ ವಯಸ್ಸಿನಲ್ಲಿ, 1859ರ ನವೆಂಬರ್ ಕೊನೆಗೆ ಆತ ಕಲ್ಕತ್ತಾದಲ್ಲಿ ಇಳಿದ.

1860ರ ಫೆಬ್ರವರಿ 18ರಂದು ವಿಲ್ಸನ್ ಮಂಡಿಸಿದ ಆಯವ್ಯಯವನ್ನು ಭಾರತದ ಮೊದಲ ಬಜೆಟ್ ಎಂದು ಗುರುತಿಸಲಾಗುತ್ತದೆ. ಸರ್ಕಾರದ ಆದಾಯ, ವೆಚ್ಚ, ಸಾಲಗಳನ್ನು ಸಭೆಯ ಮುಂದೆ ಬಿಚ್ಚಿಟ್ಟು, ಆಮೇಲೆ ತೆರಿಗೆ ಕೇಳುವ ಕ್ರಮ ಇಲ್ಲಿ ಹೊಸದು. ಆದಾಯ ತೆರಿಗೆಗೆ ಇಲ್ಲಿನ ಪರಂಪರೆಯಲ್ಲೇ ಆಧಾರವಿದೆಯೆಂದು ತೋರಿಸಲು ಆತ ಮನುಸ್ಮೃತಿಯ ನೆರವನ್ನೂ ಪಡೆದ. ವರ್ಷಕ್ಕೆ 200 ರೂಪಾಯಿಗಿಂತ ಕಡಿಮೆ ಆದಾಯವಿದ್ದವರಿಗೆ ವಿನಾಯಿತಿ. 200ರಿಂದ 500 ರೂಪಾಯಿವರೆಗೆ ಶೇ 2. ಅದಕ್ಕೂ ಮೇಲ್ಪಟ್ಟರೆ ಶೇ 4, ಅದರಲ್ಲಿ ಶೇ 1ರಷ್ಟು ಲೋಕೋಪಯೋಗಿ ಕಾಮಗಾರಿಗಳಿಗೆ ಮೀಸಲು. ಅವಧಿ ಐದು ವರ್ಷ. ಭೂಮಿಯ ಆದಾಯ, ವ್ಯಾಪಾರ ಮತ್ತು ವೃತ್ತಿಯ ಲಾಭ, ಸರ್ಕಾರಿ ಸಾಲಪತ್ರಗಳ ಬಡ್ಡಿ, ಸಂಬಳ ಮತ್ತು ಪಿಂಚಣಿ ಎಲ್ಲವೂ ಅದರ ವ್ಯಾಪ್ತಿಗೆ ಬಂದವು. ಬಿಳಿಯ ಅಧಿಕಾರಿಗೂ ಬಜಾರಿನ ವರ್ತಕನಿಗೂ ಒಂದೇ ಕಾನೂನು. 1793ರ ಕಾಯಂ ಗುತ್ತಿಗೆಯ ನಂತರ ತಮ್ಮ ಮೇಲೆ ಬೇರೆ ತೆರಿಗೆ ಬೀಳದೆಂದು ನಂಬಿದ್ದ ಬಂಗಾಳದ ಜಮೀನ್ದಾರರಿಗೂ ರಿಯಾಯಿತಿ ಸಿಗಲಿಲ್ಲ.

ಜೊತೆಗೇ, ಹಿಂದಿನ ವರ್ಷವಷ್ಟೇ ಶೇ 20ಕ್ಕೆ ಏರಿದ್ದ ಹಲವು ಸರಕುಗಳ ಆಮದು ಸುಂಕವನ್ನು ವಿಲ್ಸನ್ ಶೇ 10ಕ್ಕೆ ಇಳಿಸಿದ. ಇಂಗ್ಲೆಂಡಿನಲ್ಲಿ ಬಡವನ ರೊಟ್ಟಿಯನ್ನು ಅಗ್ಗವಾಗಿಸಿದ ಮುಕ್ತ ವ್ಯಾಪಾರದ ತತ್ವ, ಇಲ್ಲಿ ಮುಖ್ಯವಾಗಿ ಅಲ್ಲಿನ ಕಾರ್ಖಾನೆಗಳ ಸರಕಿಗೆ ದಾರಿ ಸುಗಮಗೊಳಿಸಿತು.

ವಿರೋಧ ದೊಡ್ಡದಾಗಿಯೇ ಎದ್ದಿತು. ಅದರ ಮುಂಚೂಣಿಯಲ್ಲಿದ್ದವರು ಮದ್ರಾಸ್ ಗವರ್ನರ್ ಸರ್ ಚಾರ್ಲ್ಸ್ ಟ್ರೆವೆಲಿಯನ್. ಲಂಡನ್ ಖಜಾನೆಯಲ್ಲಿ ವಿಲ್ಸನ್ ಜೊತೆಗೇ ದುಡಿದವರು ಅವರು. ಖರ್ಚು ಕಡಿತ ಮಾಡಿ, ಜನರಿಗೆ ಪರಿಚಯವಿಲ್ಲದ ತೆರಿಗೆಯನ್ನು ಹೇರಬೇಡಿ ಎಂಬುದು ಅವರ ವಾದದ ತಿರುಳು. ಬಳ್ಳಾರಿ ಮತ್ತು ಕೆನರಾ ಆಗ ಅವರ ಆಡಳಿತಕ್ಕೆ ಸೇರಿದ್ದವು. ಧಾರವಾಡ, ಬೆಳಗಾವಿ ಮುಂಬಯಿ ಪ್ರಾಂತ್ಯದಲ್ಲಿದ್ದವು. ಟ್ರೆವೆಲಿಯನ್ ತಮ್ಮ ಭಿನ್ನಾಭಿಪ್ರಾಯವನ್ನು ಪತ್ರಿಕೆಗಳಿಗೇ ಕೊಟ್ಟುಬಿಟ್ಟರು. ಅಧಿಕಾರದಲ್ಲಿದ್ದುಕೊಂಡೇ ಸರ್ಕಾರದ ನೀತಿಯನ್ನು ಬಹಿರಂಗವಾಗಿ ಪ್ರಶ್ನಿಸಿದ ತಪ್ಪಿಗೆ ಅವರನ್ನು ವಾಪಸು ಕರೆಸಿಕೊಳ್ಳಲಾಯಿತು.

ಆದರೆ ಟ್ರೆವೆಲಿಯನ್ ಎತ್ತಿದ ಪ್ರಶ್ನೆ ಅವರೊಡನೆ ಹಡಗು ಹತ್ತಲಿಲ್ಲ. ಬ್ರಿಟನ್ನಿನಲ್ಲಿ ಆದಾಯ ತೆರಿಗೆಗೆ ಒಪ್ಪಿಗೆ ಕೊಟ್ಟದ್ದು ತೆರಿಗೆ ಕಟ್ಟುವವರ ಪ್ರತಿನಿಧಿಗಳಿದ್ದ ಸಂಸತ್ತು. ಕಲ್ಕತ್ತಾದ ಶಾಸನ ಮಂಡಳಿಯಲ್ಲಿ ಒಬ್ಬನೇ ಒಬ್ಬ ಭಾರತೀಯ ಸದಸ್ಯ ಇರಲಿಲ್ಲ. ಭಾರತೀಯರಿಗೆ, ಅದೂ ನಾಮಕರಣದ ಮೂಲಕ, ಅಲ್ಲಿ ಜಾಗ ಸಿಕ್ಕಿದ್ದು 1862ರಲ್ಲಿ. ಲೆಕ್ಕ ಬಿಚ್ಚಿಟ್ಟು ತೆರಿಗೆ ಕೇಳಬೇಕೆಂಬ ನಿಯಮವನ್ನು ವಿಲ್ಸನ್ ಪಾಲಿಸಿದ. ಆದರೆ ಲೆಕ್ಕ ಕೇಳಿಸಿಕೊಂಡವರು ಬೇರೆ, ತೆರಿಗೆ ಕಟ್ಟಬೇಕಾದವರು ಬೇರೆ. ಆತನ ಇಡೀ ಯೋಜನೆಯ ದೌರ್ಬಲ್ಯವಿದ್ದುದು ಇಲ್ಲಿಯೇ. ತನಗೆ ದನಿಯೇ ಇಲ್ಲದ ಸರ್ಕಾರಕ್ಕೆ ವರ್ತಕನೊಬ್ಬ ತನ್ನ ನಿಜವಾದ ಲಾಭವನ್ನು ಏಕೆ ಹೇಳಿಯಾನು?

ಇದಕ್ಕೆ ಉತ್ತರ ಹುಡುಕುವಷ್ಟು ಕಾಲ ವಿಲ್ಸನ್‌ಗೆ ಸಿಗಲಿಲ್ಲ. ಕಾಗದದ ನೋಟಿನ ಯೋಜನೆ, ಸೇನಾ ಲೆಕ್ಕಪತ್ರಗಳ ಸುಧಾರಣೆ ಎಂದು ಆತ ಬಿಡುವಿಲ್ಲದೆ ದುಡಿಯುತ್ತಿದ್ದ. ಮಳೆಗಾಲದ ಕಲ್ಕತ್ತಾದಲ್ಲಿ ಆಮಶಂಕೆ ಹತ್ತಿತು. ಕಾಯ್ದೆಗೆ ಅಂಕಿತ ಬಿದ್ದು ಮೂರು ವಾರ ತುಂಬುವ ಮುನ್ನವೇ, 1860ರ ಆಗಸ್ಟ್ 11ರಂದು, 55ನೇ ವಯಸ್ಸಿನಲ್ಲಿ ವಿಲ್ಸನ್ ತೀರಿಕೊಂಡ. ನೋಟಿನ ಕಾಯ್ದೆ ಜಾರಿಯಾದದ್ದು ಮರುವರ್ಷ. ‘ದಿ ಎಕಾನಮಿಸ್ಟ್’ ಅಳಿಯ ವಾಲ್ಟರ್ ಬ್ಯಾಜಟ್ ಕೈಯಲ್ಲಿ ಇನ್ನಷ್ಟು ಹೆಸರು ಮಾಡಿತು. ಕಲ್ಕತ್ತಾದಲ್ಲಿ ಮರೆತುಹೋಗಿದ್ದ ವಿಲ್ಸನ್ ಸಮಾಧಿಯನ್ನು 2007ರಲ್ಲಿ ಹುಡುಕಿ ತೆಗೆದವರು ಆದಾಯ ತೆರಿಗೆ ಇಲಾಖೆಯ ಅಧಿಕಾರಿಯೊಬ್ಬರು.

ತೆರಿಗೆಯ ಕಥೆ ಮುಂದುವರಿಯಿತು. 1862ರಲ್ಲಿ ವಿನಾಯಿತಿಯ ಮಿತಿ 500 ರೂಪಾಯಿಗೆ ಏರಿತು. 1865ರಲ್ಲಿ ಅವಧಿ ಮುಗಿದಾಗ ಅದನ್ನು ಮುಂದುವರಿಸದೆ ಕೈಬಿಡಲಾಯಿತು. ಆ ವೇಳೆಗೆ ವಿಲ್ಸನ್ ಕೂತಿದ್ದ ಹಣಕಾಸು ಸದಸ್ಯನ ಕುರ್ಚಿಗೆ ಬಂದಿದ್ದವರು ಅದೇ ಟ್ರೆವೆಲಿಯನ್! ಆಮೇಲೆ ಬಂದು ಹೋಗುತ್ತಿದ್ದ ತೆರಿಗೆ 1886ರ ಕಾಯ್ದೆಯಿಂದ ಸ್ಥಿರವಾಯಿತು. ಈ ಬಾರಿ ಕೃಷಿ ಆದಾಯ ಹೊರಗುಳಿಯಿತು. ಸರ್ಕಾರಿ ನೌಕರರ ತೆರಿಗೆಯನ್ನು ಸಂಬಳ ಬಟವಾಡೆಯ ವೇಳೆಯಲ್ಲೇ ಮುರಿದುಕೊಳ್ಳುವ ಕ್ರಮ ಆ ಕಾಯ್ದೆಯಲ್ಲಿತ್ತು. 1922ರ ಕಾಯ್ದೆ ಈ ಹೊಣೆಯನ್ನು ಸಂಬಳ ಕೊಡುವ ಎಲ್ಲರಿಗೂ ವಿಸ್ತರಿಸಿತು. ಸ್ವತಂತ್ರ ಭಾರತದ 1961ರ ಕಾಯ್ದೆಯೂ ಅದೇ ದಾರಿಯಲ್ಲಿ ಸಾಗಿತು. ಅದರ ಜಾಗಕ್ಕೆ 2025ರಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆಯಲ್ಲೂ ಮೂಲದಲ್ಲಿ ಕಡಿತ ಎಂಬ ತತ್ವ ಉಳಿದುಕೊಂಡಿದೆ.

ಆಡಿಂಗ್ಟನ್ ಕಂಡುಕೊಂಡ ಸತ್ಯ ಇಂದಿಗೂ ಬದಲಾಗಿಲ್ಲ. ಹಣ ಕೈಗೆ ಬರುವ ಮುನ್ನವೇ ತೆರಿಗೆ ಕಡಿತವಾದವನು ಬಚ್ಚಿಡಲಾರ. ಕೈಗೆ ಬಂದ ಮೇಲೆ ಹೇಳಿಕೊಳ್ಳಬೇಕಾದವನಿಗೆ ಅವಕಾಶಗಳು ಹೆಚ್ಚು. ತಾವೇ ಪ್ರಾಮಾಣಿಕತೆಯ ಭಾರ ಹೊರುತ್ತಿದ್ದೇವೆ ಎಂಬ ಸಂಬಳದಾರರ ಕೊರಗಿಗೆ ಬೇರಿರುವುದು ಇಲ್ಲಿ. ಈ ಕ್ರಮಕ್ಕೆ ಇನ್ನೊಂದು ಮುಖವೂ ಇದೆ. ಸದ್ದಿಲ್ಲದೆ ಕಡಿತವಾಗುವ ತೆರಿಗೆ ಕ್ರಮೇಣ ಮರೆತೇಹೋಗುತ್ತದೆ. ಏಪ್ರಿಲ್‌ನಲ್ಲಿ ಹೂಡಿಕೆ, ಮನೆ ಬಾಡಿಗೆಗಳ ಅಂದಾಜನ್ನು ಕಚೇರಿಗೆ ಬರೆದುಕೊಡುವುದನ್ನು ಉದಾಸೀನ ಮಾಡಿ, ಫೆಬ್ರವರಿ, ಮಾರ್ಚ್ ಸಂಬಳದಲ್ಲಿ ದೊಡ್ಡ ಮೊತ್ತ ಕಡಿತವಾದಾಗ ಬೆಚ್ಚಿಬೀಳುವವರು ಕಡಿಮೆಯೇನಿಲ್ಲ. ತಿಂಗಳು ತಿಂಗಳು ತಾನೆಷ್ಟು ಕೊಡುತ್ತಿದ್ದೇನೆ ಎಂದು ಅರಿಯದವನು, ಅದು ಎಲ್ಲಿ ಖರ್ಚಾಯಿತು ಎಂದೂ ಕೇಳಲಾರ.

ಹಾಗಾಗಿ ಆದಾಯದ ವಿವರ ಸಲ್ಲಿಸುವುದನ್ನು ಬರಿಯ ಕಿರಿಕಿರಿಯೆಂದು ನೋಡಬೇಕಿಲ್ಲ. ವರ್ಷಕ್ಕೊಮ್ಮೆ ನಾಗರಿಕ ತನ್ನ ಲೆಕ್ಕವನ್ನು ಸರ್ಕಾರದ ಮುಂದಿಡುತ್ತಾನೆ. ಸರ್ಕಾರ ತನ್ನ ಲೆಕ್ಕವನ್ನು ಬಜೆಟ್ ಮೂಲಕ ನಾಗರಿಕನ ಮುಂದಿಡುತ್ತದೆ. ಇವೆರಡನ್ನೂ ಒಂದೇ ವರ್ಷ ಈ ನೆಲಕ್ಕೆ ತಂದ ಟೋಪಿ ವ್ಯಾಪಾರಿ, ಎರಡನ್ನೂ ಬೆಸೆಯಬೇಕಿದ್ದ ಮತದ ಹಕ್ಕನ್ನು ತರಲಿಲ್ಲ, ತರುವ ಇಚ್ಛೆಯೂ ಆತನ ಸರ್ಕಾರಕ್ಕೆ ಇರಲಿಲ್ಲ. ಆ ಕೊಂಡಿ ನಮಗೆ ಸ್ವಾತಂತ್ರ್ಯದೊಂದಿಗೆ ಬಂದಿದೆ. 1860ರ ವರ್ತಕನಿಗೆ ಇಲ್ಲದಿದ್ದ ಹಕ್ಕು ನಮಗಿರುವಾಗ, ಲೆಕ್ಕ ಕೊಡುವಷ್ಟೇ ಶ್ರದ್ಧೆಯಿಂದ ಲೆಕ್ಕ ಕೇಳುವುದನ್ನೂ ರೂಢಿಸಿಕೊಳ್ಳಬೇಕು.