ಓಟಿಗೆ ನಿಂತ ನಮ್ಮೂರ ಹೆಂಗಸು

ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಲ್ಲಿ ಬಸ್ಸಿಗೆ ಕಾಯುತ್ತಿರುವ ಹತ್ತು ಮಂದಿಯನ್ನು ಕೇಳಿ ನೋಡಿ. ಭಾರತದಲ್ಲಿ ಶಾಸನಸಭೆಯ ಚುನಾವಣೆಗೆ ಮೊದಲು ನಿಂತ ಹೆಂಗಸು ಯಾರು ಅಂತ. ಒಬ್ಬರು ಇಂದಿರಾ ಗಾಂಧಿ ಎಂದಾರು, ಇನ್ನೊಬ್ಬರು ಸರೋಜಿನಿ ನಾಯ್ಡು ಎಂದಾರು. ಉಳಿದವರು ಬಸ್ಸು ಬಂತೆಂದು ಓಡಿಯಾರು. ಸರಿಯಾದ ಉತ್ತರ ಬೇರೆ. ಚರಿತ್ರೆಯಲ್ಲಿ ಆ ಜಾಗದಲ್ಲಿ ನಿಂತಿರುವ ಹೆಸರು ಕಮಲಾದೇವಿ ಚಟ್ಟೋಪಾಧ್ಯಾಯ. ಹೆಸರು ಬಂಗಾಳದ್ದು, ಹೆಂಗಸು ನಮ್ಮೂರಿನವರು. 1903ರ ಏಪ್ರಿಲ್ 3ರಂದು ಹುಟ್ಟಿದ್ದು ಇದೇ ಮಂಗಳೂರಿನಲ್ಲಿ.

ಕರಕುಶಲ ಕಲೆಯ ದೊಡ್ಡಮ್ಮ ಎಂದು ದೇಶವೆಲ್ಲ ಅವರನ್ನು ಕೊಂಡಾಡಿದೆ. ಅದು ನಿಜವೇ. ಆದರೆ ಅವರ ರಾಜಕೀಯದ ಕಥೆ ನಮಗೆ ಮರೆತೇ ಹೋಗಿದೆ. ಇವತ್ತಿನ ಅಂಕಣ ಆ ಮರೆತ ಕಥೆಗೆ ಮೀಸಲು.

ಮನೆಯಿದ್ದೂ ಮನೆಯಿಲ್ಲ

ಕಮಲಾದೇವಿಯ ತಂದೆ ಅನಂತಯ್ಯ ಧಾರೇಶ್ವರ್ ಸರಕಾರದ ದೊಡ್ಡ ಹುದ್ದೆಯಲ್ಲಿದ್ದವರು. ಸಾರಸ್ವತ ಮನೆತನ. ಮನೆ ತುಂಬ ಆಳುಕಾಳು, ಸೊತ್ತು. ಮಗಳಿಗೆ ಏಳು ವರ್ಷವಾದಾಗ ಅವರು ತೀರಿಕೊಂಡರು. ಉಯಿಲು ಬರೆದಿಟ್ಟಿರಲಿಲ್ಲ. ಅಂದಿನ ಕಾನೂನಿನಂತೆ ಆಸ್ತಿಯೆಲ್ಲ ಮೊದಲ ಹೆಂಡತಿಯ ಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಗೆ ಸಿಕ್ಕಿದ್ದು ತಿಂಗಳಿಗಿಷ್ಟು ಅಂತ ಜೀವನಾಂಶದ ಮಾತು ಮಾತ್ರ. ಆ ತಾಯಿ ಸ್ವಾಭಿಮಾನಿ. ಆ ಜೀವನಾಂಶ ಬೇಡವೆಂದು ತವರಿನಿಂದ ತಂದ ಸೊತ್ತಿನಲ್ಲೇ ಮಕ್ಕಳನ್ನು ಸಾಕಲು ಹೊರಟರು.

ನಿನ್ನೆ ಮನೆಯ ಯಜಮಾನಿಯಾಗಿದ್ದವಳು ಇವತ್ತು ಹಂಗಿನವಳು. ಇದು ಯಾರೋ ದಾಯಾದಿ ಮೋಸ ಮಾಡಿ ಆದದ್ದಲ್ಲ, ಕಾನೂನು ಪ್ರಕಾರವೇ ಆದದ್ದು. ಆ ಕಾನೂನು ನಡೆಸುತ್ತಿದ್ದವರಲ್ಲಿ, ತಿದ್ದಬಹುದಾದವರಲ್ಲಿ ಹೆಂಗಸು ಒಬ್ಬಳೂ ಇರಲಿಲ್ಲ. ವಿಧವೆಗೆ ಗಂಡನ ಆಸ್ತಿಯಲ್ಲಿ ಒಂದಿಷ್ಟು ಹಕ್ಕು ಕೊಡುವ ಕಾಯ್ದೆ ಬರಲು 1937 ಆಗಬೇಕಾಯಿತು. ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದದ್ದು 1956ರಲ್ಲಿ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಪಾಲು ಅಂತ ಇಡೀ ದೇಶಕ್ಕೆ ಕಾನೂನಾದದ್ದು 2005ರಲ್ಲಿ. ಗಿರಿಜಾಬಾಯಿ ಕಳೆದುಕೊಂಡದ್ದನ್ನು ದೇಶ ಸರಿಪಡಿಸಲು ಹೆಚ್ಚುಕಡಿಮೆ ನೂರು ವರ್ಷ ಹಿಡಿಯಿತು!

ಮುಂದೆ ತಾಯಿ ಮಕ್ಕಳಿಗೆ ಆಸರೆಯಾದದ್ದು ಸೋದರಮಾವನ ಮನೆ. ಗೋಖಲೆ, ಶ್ರೀನಿವಾಸ ಶಾಸ್ತ್ರಿ, ಆನಿ ಬೆಸೆಂಟರಂಥವರು ಬಂದುಹೋಗುತ್ತಿದ್ದ ಮನೆ ಅದು. ದೊಡ್ಡವರ ಮಾತು ಹುಡುಗಿಯ ಕಿವಿಗೆ ಬಿತ್ತು.

ಆದರೂ ಕಾಲ ಕಾಲವೇ. ಹದಿನಾಲ್ಕಕ್ಕೆ ಮದುವೆ, ಹದಿನಾರರ ಹೊತ್ತಿಗೆ ವಿಧವೆ. ಮೂಲೆಗೆ ಕೂರಿಸಬೇಕಾದ ಪ್ರಾಯ ಅಂತ ಊರು ಅಂದುಕೊಂಡಿತ್ತು. ತಾಯಿ ಕೂರಿಸಲಿಲ್ಲ, ಮಗಳನ್ನು ಓದಿಸಿದರು. ಮದರಾಸಿನ ಕ್ವೀನ್ ಮೇರೀಸ್ ಕಾಲೇಜಿನಲ್ಲಿ ಸರೋಜಿನಿ ನಾಯ್ಡು ಅವರ ತಂಗಿ ಸುಹಾಸಿನಿಯ ಗೆಳೆತನವಾಯಿತು. ಅವರ ಅಣ್ಣ, ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರ ಪರಿಚಯವೂ ಆಯಿತು. ಎರಡನೇ ಮದುವೆ ನಡೆಯಿತು. ವಿಧವೆಗೆ ಮದುವೆಯೇ, ಅದೂ ಬೇರೆ ನಾಡಿನವನ ಜೊತೆ? ಸಂಪ್ರದಾಯಸ್ಥರು ಕುದಿದುಹೋದರು. ಕಮಲಾದೇವಿ ಲೆಕ್ಕಿಸಲಿಲ್ಲ. ಈ ಸಂಸಾರವೂ ಮುಂದೆ ಮುರಿದು, ಇಬ್ಬರೂ ಬೇರೆಯಾದರು.

ಕೆಲವೇ ದಿನದ ಪ್ರಚಾರ

ಈಗ ಓಟಿನ ವಿಷಯಕ್ಕೆ ಬರೋಣ. ಆಗ ನಮ್ಮ ಜಿಲ್ಲೆ ಮದರಾಸು ಪ್ರಾಂತ್ಯಕ್ಕೆ ಸೇರಿತ್ತು. ದೇಶದ ಪ್ರಾಂತ್ಯಗಳಲ್ಲಿ ಹೆಂಗಸರಿಗೆ ಮೊದಲು ಓಟು ಕೊಟ್ಟದ್ದು ಮದರಾಸು, 1921ರಲ್ಲಿ. ಹಾಗಂತ ಎಲ್ಲರಿಗೂ ಅಲ್ಲ. ಆಸ್ತಿ, ತೆರಿಗೆಯ ಲೆಕ್ಕದಲ್ಲಿ ಓಟು. ಆಸ್ತಿಯೇ ಇಲ್ಲದ ಹೆಂಗಸರಿಗೆ ಆಸ್ತಿಯಿದ್ದರೆ ಓಟು! ಲಕ್ಷಾಂತರ ಹೆಂಗಸರು ಹೊರಗೇ ಉಳಿದರು. ಓಟು ಹಾಕಬಹುದು, ಆದರೆ ತಾನೇ ನಿಲ್ಲುವಂತಿಲ್ಲ ಎಂಬ ನಿಯಮ ಬೇರೆ. ಅದು ಸಡಿಲವಾದದ್ದು 1926ರಲ್ಲಿ.

ಬಾಗಿಲು ತೆರೆದರೆ ಸಾಕೇ? ಒಳಗೆ ಕಾಲಿಡುವವರು ಬೇಕಲ್ಲ! ಐರಿಷ್ ಮಹಿಳೆ ಮಾರ್ಗರೆಟ್ ಕಸಿನ್ಸ್ ಕಮಲಾದೇವಿಯನ್ನು ಹುರಿದುಂಬಿಸಿದರು. ಕಸಿನ್ಸ್ ನಮ್ಮೂರಿಗೆ ಹೊಸಬರಲ್ಲ, 1919-20ರಲ್ಲಿ ಮಂಗಳೂರಿನ ನ್ಯಾಷನಲ್ ಗರ್ಲ್ಸ್ ಸ್ಕೂಲಿನ ಮುಖ್ಯಸ್ಥೆಯಾಗಿದ್ದವರು. ಕಮಲಾದೇವಿಗೆ ಆಗ ಇಪ್ಪತ್ತಮೂರು. ಹಣವಿಲ್ಲ, ಪಕ್ಷದ ದಂಡಿಲ್ಲ, ಪ್ರಚಾರಕ್ಕೆ ಸಿಕ್ಕಿದ್ದು ಕೆಲವೇ ದಿನ. ಆದರೂ ನಿಂತರು.

ಸೋತರು. ಆದರೆ ಸೋಲಿನ ಅಂತರ ತೀರಾ ಸಣ್ಣದು. ಠೇವಣಿ ಹೋಗುತ್ತದೆ ಅಂತ ನಕ್ಕವರು ಬಾಯಿ ಮುಚ್ಚಬೇಕಾಯಿತು. ಓಟುದಾರರಲ್ಲಿ ಬಹುಪಾಲು ಗಂಡಸರೇ ಇದ್ದ ಕಾಲ ಅದು. ಹೆಂಗಸಿಗೆ ಗಂಡಸರು ಓಟು ಹಾಕುವುದಿಲ್ಲ ಎನ್ನುವ ಮಾತು ಸುಳ್ಳೆಂದು ಅವತ್ತೇ ತೋರಿತು. ಇವತ್ತಿಗೂ ಟಿಕೆಟ್ ಹಂಚುವವರು ಅದೇ ಮಾತಾಡುತ್ತಿದ್ದಾರೆ, ನೋಡಿ.

ಆ ಮದರಾಸು ಸಭೆಗೆ ಡಾಕ್ಟರ್ ಮುತ್ತುಲಕ್ಷ್ಮಿ ರೆಡ್ಡಿ ನಾಮಕರಣಗೊಂಡು ಹೋದರು, ಉಪಾಧ್ಯಕ್ಷೆಯೂ ಆದರು. ದೇವದಾಸಿ ಪದ್ಧತಿಯ ವಿರುದ್ಧ ದನಿ ಎತ್ತಿದರು. ಆ ಪದ್ಧತಿಯನ್ನು ನಿಷೇಧಿಸುವ ಕಾಯ್ದೆ 1947ರಲ್ಲಿ ಮದರಾಸಿನಲ್ಲಿ ಬಂತು. ಒಬ್ಬಳೇ ಹೆಂಗಸು ಒಳಗಿದ್ದರೂ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಉಪ್ಪಿನ ಪೊಟ್ಟಣ

ಸೋತ ಕಮಲಾದೇವಿ ಮನೆಗೆ ಹೋಗಲಿಲ್ಲ. 1927ರಲ್ಲಿ ಹುಟ್ಟಿದ ಅಖಿಲ ಭಾರತ ಮಹಿಳಾ ಸಮ್ಮೇಳನದ ಮೊದಲ ಸಂಘಟನಾ ಕಾರ್ಯದರ್ಶಿಯಾದರು. ಊರೂರು ತಿರುಗಿದರು. ಬಾಲ್ಯವಿವಾಹ ತಡೆಯುವ ಶಾರದಾ ಕಾಯ್ದೆ 1929ರಲ್ಲಿ ಪಾಸಾಗಲು ಈ ಸಮ್ಮೇಳನದ ಹೆಂಗಸರೂ ಪಟ್ಟುಹಿಡಿದು ಓಡಾಡಿದರು. ಕಾಯ್ದೆಯಲ್ಲಿ ಹುಡುಗಿಯ ಮದುವೆಗೆ ಕನಿಷ್ಠ ಪ್ರಾಯ ಹದಿನಾಲ್ಕು ಅಂತಾಯಿತು. ಕಮಲಾದೇವಿಗೆ ಮೊದಲ ಮದುವೆಯಾದದ್ದೂ ಹದಿನಾಲ್ಕಕ್ಕೇ!

1930ರಲ್ಲಿ ಉಪ್ಪಿನ ಸತ್ಯಾಗ್ರಹ. ಗಾಂಧೀಜಿ ದಂಡಿಗೆ ಹೊರಟ ತಂಡದಲ್ಲಿ ಹೆಂಗಸರಿರಲಿಲ್ಲ. ಕಮಲಾದೇವಿ ಸುಮ್ಮನಿರಲಿಲ್ಲ. ಗಾಂಧೀಜಿಯನ್ನೇ ಹೋಗಿ ಕಂಡು, ಹೆಂಗಸರನ್ನು ಹೊರಗಿಡಬೇಡಿ ಅಂತ ವಾದಿಸಿದರು. ಬಾಗಿಲು ಇಲ್ಲೂ ತೆರೆಯಿತು. ಬೊಂಬಾಯಿಯಲ್ಲಿ ಉಪ್ಪು ಮಾಡಿದರು. ಪೊಟ್ಟಣ ಕಟ್ಟಿಕೊಂಡು ಷೇರುಪೇಟೆಯೊಳಗೇ ನುಗ್ಗಿ ಮಾರಿದರು. ಬಂಧನವಾಯಿತು, ಜೈಲಾಯಿತು. ಆ ವರ್ಷ ದೇಶದಲ್ಲಿ ಸಾವಿರಾರು ಹೆಂಗಸರು ಮನೆಯ ಹೊಸ್ತಿಲು ದಾಟಿ ಬೀದಿಗಿಳಿದರು.

ಇನ್ನೊಂದು ಸಂಗತಿ ಹೇಳಲೇಬೇಕು. 1930ರ ದಶಕದಲ್ಲಿ ಹೆಂಗಸರಿಗೆ ಸೀಟು ಮೀಸಲಿಡುವ ಮಾತು ಬಂದಾಗ ಇದೇ ಮಹಿಳಾ ಸಮ್ಮೇಳನ ಅದನ್ನು ವಿರೋಧಿಸಿತು. ರಿಯಾಯಿತಿ ಬೇಡ, ಪ್ರಾಯಕ್ಕೆ ಬಂದ ಪ್ರತಿಯೊಬ್ಬರಿಗೂ ಓಟು ಕೊಡಿ ಎಂಬುದು ಅವರ ಬೇಡಿಕೆ. ಬ್ರಿಟಿಷರು ಕೇಳಲಿಲ್ಲ. 1935ರ ಕಾಯ್ದೆಯಲ್ಲಿ ಪ್ರಾಂತೀಯ ಸಭೆಗಳಲ್ಲಿ ಹೆಂಗಸರಿಗೆ 41 ಸ್ಥಾನ ಮೀಸಲಿಟ್ಟರು. ಎಲ್ಲರಿಗೂ ಓಟು ಬಂದದ್ದು ಸ್ವತಂತ್ರ ಭಾರತದ ಸಂವಿಧಾನದಿಂದ. ಓಟು ಬಂದರೆ ಸೀಟು ತಾನಾಗಿ ಬರುತ್ತದೆ ಎಂಬುದು ಆ ತಲೆಮಾರಿನ ನಂಬಿಕೆ.

ಖುರ್ಚಿಗಿಂತ ಕೆಲಸ

ಕಮಲಾದೇವಿ ಕಾಂಗ್ರೆಸ್ ಸೋಷಲಿಸ್ಟ್ ಪಕ್ಷದ ಅಧ್ಯಕ್ಷರಾದರು. 1944ರಲ್ಲಿ ಮಹಿಳಾ ಸಮ್ಮೇಳನದ ಅಧ್ಯಕ್ಷರೂ ಆದರು. ಸ್ವಾತಂತ್ರ್ಯ ಬಂತು. ಜೊತೆಗೆ ಜೈಲಿಗೆ ಹೋಗಿದ್ದವರು ಮಂತ್ರಿಗಳಾದರು, ರಾಯಭಾರಿಗಳಾದರು. ಕಮಲಾದೇವಿ ಮಂತ್ರಿಯಾಗಲಿಲ್ಲ. 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿ, ದೇಶ ಒಡೆದಾಗ ಎಲ್ಲ ಬಿಟ್ಟು ಬಂದ ನಿರಾಶ್ರಿತರ ನಡುವೆ ಕೆಲಸಕ್ಕಿಳಿದರು. ದೆಹಲಿ ಪಕ್ಕದ ಫರಿದಾಬಾದಿನಲ್ಲಿ ವಾಯವ್ಯ ಗಡಿ ಪ್ರಾಂತ್ಯದಿಂದ ಬಂದ ಐವತ್ತು ಸಾವಿರದಷ್ಟು ಜನ ನೆಲೆ ಕಂಡುಕೊಂಡರು. ಮನೆ ಕಳೆದುಕೊಳ್ಳುವುದು ಏನು ಅಂತ ಏಳನೇ ವರ್ಷದಲ್ಲೇ ಕಂಡವರಲ್ಲವೇ ಅವರು!

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಬಂತು, ಅದರ ಅಧ್ಯಕ್ಷತೆ ಅವರ ಹೆಗಲಿಗೆ. ನೇಕಾರ, ಕುಂಬಾರ, ಕಮ್ಮಾರ, ಗುಡಿಗಾರ ಮಾಡಿದ ಮಾಲಿಗೆ ಪೇಟೆ ಬೇಕು, ನ್ಯಾಯವಾದ ಬೆಲೆ ಬೇಕು ಅನ್ನುವುದು ಅವರ ಲೆಕ್ಕ. ಅಂಗಡಿ ಇಟ್ಟವರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ದೆಹಲಿಯ ಕಾಟೇಜ್ ಎಂಪೋರಿಯಂ ಬೆಳೆದದ್ದು ಅವರ ಸಂಘದ ಕೈಯಲ್ಲಿ. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 1987ರಲ್ಲಿ ಪದ್ಮವಿಭೂಷಣ ಬಂದವು. 1988ರ ಅಕ್ಟೋಬರ್ 29ರಂದು ಬೊಂಬಾಯಿಯಲ್ಲಿ ತೀರಿಕೊಂಡರು.

ನಮ್ಮೂರ ಲೆಕ್ಕ

ಈಗ ಲೆಕ್ಕ ನೋಡೋಣ. ಪಂಚಾಯತಿನಲ್ಲಿ ಹೆಂಗಸರಿಗೆ ಜಾಗ ಸಿಕ್ಕಿದೆ. ಕರ್ನಾಟಕ 1983ರಲ್ಲೇ ಕಾಯ್ದೆ ಮಾಡಿ ನಾಲ್ಕರಲ್ಲೊಂದು ಸ್ಥಾನ ಕೊಟ್ಟಿತು. ಮುಂದೆ ಅದು ಅರ್ಧಕ್ಕೇರಿತು. ಕಾನೂನು ಕೊಟ್ಟ ಕಡೆ ಸೀಟು ಬಂತು. ಪಕ್ಷಗಳ ಮರ್ಜಿಗೆ ಬಿಟ್ಟ ಕಡೆ? 2023ರಲ್ಲಿ ರಾಜ್ಯ ವಿಧಾನಸಭೆಯ 224 ಸ್ಥಾನಗಳಲ್ಲಿ ಗೆದ್ದ ಹೆಂಗಸರು ಹತ್ತು ಮಂದಿ. 2024ರಲ್ಲಿ ಲೋಕಸಭೆಯ 543ರಲ್ಲಿ 74. ಶಾಸನಸಭೆಗಳಲ್ಲಿ ಮೂರರಲ್ಲೊಂದು ಸ್ಥಾನ ಮೀಸಲು ಎಂಬ ಸಂವಿಧಾನ ತಿದ್ದುಪಡಿಗೆ 2023ರಲ್ಲಿ ಸಂಸತ್ತು ಒಪ್ಪಿತು. ಆದರೆ ಜನಗಣತಿಯಾಗಿ, ಕ್ಷೇತ್ರ ವಿಂಗಡಣೆಯಾದ ಮೇಲೆ ಜಾರಿ ಅಂತ ಅದರಲ್ಲೇ ಬರೆದರು.

ನಮ್ಮ ಜಿಲ್ಲೆಯ ಮಾತು ಇನ್ನೂ ಖಾರ. ಪುತ್ತೂರಿನಿಂದ ಶಕುಂತಲಾ ಶೆಟ್ಟಿ, ಮಲ್ಲಿಕಾ ಪ್ರಸಾದ್, ಸುಳ್ಯದಿಂದ ಭಾಗೀರಥಿ ಮುರುಳ್ಯ ವಿಧಾನಸಭೆಗೆ ಗೆದ್ದು ಹೋಗಿದ್ದಾರೆ. ಆದರೆ ಮಂಗಳೂರಿನ ಲೋಕಸಭಾ ಸೀಟಿನಿಂದ ಮೊದಲ ಚುನಾವಣೆಯಿಂದ 2024ರವರೆಗೆ ಒಬ್ಬ ಹೆಂಗಸೂ ದೆಹಲಿಗೆ ಹೋಗಿಲ್ಲ. ಒಬ್ಬಳೂ ಇಲ್ಲ! ದೇಶಕ್ಕೇ ಮೊದಲು ಹೆಂಗಸನ್ನು ಓಟಿಗೆ ನಿಲ್ಲಿಸಿದ ಊರಿನ ಲೆಕ್ಕ ಇದು.

ಕಮಲಾದೇವಿಗೆ ಇಲ್ಲಿ ಪ್ರತಿಮೆ ಬೇಕು, ರಸ್ತೆಗೆ ಹೆಸರು ಬೇಕು ಅಂತ ಕೇಳುವವರು ಇರಬಹುದು. ಕೇಳಲಿ. ಆದರೆ ಅವರ ಬಾಕಿ ತೀರಿಸುವ ದಾರಿ ಬೇರೆ ಇದೆ. ಮುಂದಿನ ಚುನಾವಣೆಗೆ ಟಿಕೆಟ್ ಕೇಳಿ ಹೆಂಗಸೊಬ್ಬಳು ಪಕ್ಷದ ಆಫೀಸಿಗೆ ಹೋದಾಗ, ಗೆಲ್ಲುವ ಅಭ್ಯರ್ಥಿ ಅಲ್ಲ ಅಂತ ಹಿಂದೆ ಕಳಿಸುವ ಮುಂಚೆ ನಮ್ಮ ನಾಯಕರು 1926ರ ಆ ಫಲಿತಾಂಶವನ್ನು ಒಮ್ಮೆ ನೆನೆಯಲಿ. ಇನ್ನೊಂದಿಷ್ಟು ಓಟು ಬಿದ್ದಿದ್ದರೆ ಸಾಕಿತ್ತು.